‘ಕಾಲಧರ್ಮ’ದ ತಲೆಗೆ ಕಟ್ಟಬೇಡಿ: ಕಮಲಾ ಸೊಹೋನಿ ಲೇಖನ ಕಳಿಸಿದವರಿಗೆ

ಪ್ರಿಯರೇ,

ನಮಸ್ಕಾರ. ಜೀವರಸಾಯನ ವಿಜ್ಞಾನಿ ಕಮಲಾ ಸೊಹೋನಿಯವರನ್ನು ಕುರಿತು ನೀವು ಕಳಿಸಿದ ‘ಬಾಗಿಲಲ್ಲಿ ನಿಂತ ಹುಡುಗಿ’ ಎಂಬ ಲೇಖನ ತಲುಪಿತು. ನಿಮ್ಮ ಕನ್ನಡ ಶುದ್ಧವಾಗಿದೆ, ಬರವಣಿಗೆಗೆ ಓಟವಿದೆ, ಕೇಳಿದ ಪದಮಿತಿಯೊಳಗೇ ಮುಗಿಸಿದ್ದೀರಿ. ಬರುವ ಲೇಖನಗಳಿಗೆ ಸಾಮಾನ್ಯವಾಗಿ ಎರಡು ಸಾಲಿನ ಉತ್ತರ ಕೊಡುವ ನಾನು ನಿಮಗೆ ಇಷ್ಟು ಉದ್ದದ ಪತ್ರ ಬರೆಯುತ್ತಿರುವುದಕ್ಕೆ ಈ ಗುಣಗಳು ಕಾರಣವಲ್ಲ. ಲೇಖನವನ್ನು ಓದುತ್ತ ನನಗೆ ಸಿಟ್ಟು ಬಂತು, ಮತ್ತೊಮ್ಮೆ ಓದಿದಾಗಲೂ ಅದು ಇಳಿಯಲಿಲ್ಲ. ಆದ್ದರಿಂದ ಉಳಿದುದನ್ನೆಲ್ಲ ಬದಿಗಿಟ್ಟು, ನನ್ನನ್ನು ಕೆರಳಿಸಿದ ಎರಡು ಸಂಗತಿಗಳನ್ನು ಮಾತ್ರ ನಿಮ್ಮ ವಾಕ್ಯಗಳನ್ನೇ ಎದುರಿಗಿಟ್ಟುಕೊಂಡು ಹೇಳುತ್ತೇನೆ.

ನಿಮ್ಮ ಮೊದಲ ವಾಕ್ಯ ಹೀಗಿದೆ: ‘ಹೆಣ್ಣು ಅಡುಗೆಮನೆಯ ಹೊಸ್ತಿಲನ್ನೇ ದಾಟದಿದ್ದ 1933ರ ಆ ದಿನಗಳಲ್ಲಿ ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯ ಬಾಗಿಲಲ್ಲಿ ಹುಡುಗಿಯೊಬ್ಬಳು ನಿಂತಿದ್ದಳು.’ ದಾಟಿರಲಿಲ್ಲವೇ? ಮದರಾಸಿನ ವೈದ್ಯಕೀಯ ಕಾಲೇಜು ಹೆಂಗಸರನ್ನು ಸೇರಿಸಿಕೊಂಡದ್ದು 1875ರಲ್ಲಿ. ಕಲ್ಕತ್ತ ವಿಶ್ವವಿದ್ಯಾಲಯದಿಂದ ಕಾದಂಬಿನಿ ಬಸು ಮತ್ತು ಚಂದ್ರಮುಖಿ ಬಸು ಪದವಿ ಪಡೆದದ್ದು 1883ರಲ್ಲಿ. ಆನಂದಿಬಾಯಿ ಜೋಶಿ ಫಿಲಡೆಲ್ಫಿಯಾದಲ್ಲಿ ವೈದ್ಯೆಯಾದದ್ದು 1886ರಲ್ಲಿ. ಕೇರಳದ ಸಸ್ಯವಿಜ್ಞಾನಿ ಜಾನಕಿ ಅಮ್ಮಾಳ್ ಅಮೆರಿಕದ ಮಿಶಿಗನ್ ವಿಶ್ವವಿದ್ಯಾಲಯದಿಂದ ಡಾಕ್ಟರೇಟ್ ಪಡೆದದ್ದು 1931ರಲ್ಲಿ, ಅಂದರೆ ನಿಮ್ಮ ಕಥೆ ಆರಂಭವಾಗುವುದಕ್ಕೆ ಎರಡು ವರ್ಷ ಮೊದಲು. ನಮ್ಮ ದೇಶದ ಬಹುಪಾಲು ಹೆಣ್ಣುಮಕ್ಕಳಿಗೆ ಆಗ ಶಾಲೆಯ ಮುಖ ನೋಡುವುದೂ ಸಾಧ್ಯವಿರಲಿಲ್ಲವೆಂಬುದು ನಿಜವೇ. ಆದರೆ ನೀವು ಬರೆಯುತ್ತಿರುವುದು ಅವರ ಬಗ್ಗೆ ಅಲ್ಲ. 1911ರಲ್ಲಿ ಇಂದೂರಿನಲ್ಲಿ ಹುಟ್ಟಿ, ಮುಂಬಯಿ ವಿಶ್ವವಿದ್ಯಾಲಯದ ಬಿ.ಎಸ್ಸಿ. ಪರೀಕ್ಷೆಯಲ್ಲಿ ಎಲ್ಲರಿಗಿಂತ ಮುಂದೆ ಬಂದು, ತಂದೆ ಮತ್ತು ಚಿಕ್ಕಪ್ಪ ಇಬ್ಬರೂ ಓದಿದ್ದ ಅದೇ ಭಾರತೀಯ ವಿಜ್ಞಾನ ಸಂಸ್ಥೆಗೆ, ಅಂದರೆ ಜನ ಹೇಳುವ ಟಾಟಾ ಇನ್‌ಸ್ಟಿಟ್ಯೂಟಿಗೆ ಅರ್ಜಿ ಹಾಕಿದ ಕಮಲಾ ಭಾಗವತ್ (ಮದುವೆಯ ನಂತರ ಸೊಹೋನಿ) ಎಂಬವರ ಬಗ್ಗೆ. ಮನೆಯವರು ಅವರನ್ನು ತಡೆದಿರಲಿಲ್ಲ, ವಿಶ್ವವಿದ್ಯಾಲಯವೂ ತಡೆದಿರಲಿಲ್ಲ.

ಹಾಗಾದರೆ ತಡೆದವರು ಯಾರು? ಇದಕ್ಕೆ ನಿಮ್ಮ ಎರಡನೆಯ ಪುಟದಲ್ಲಿ ಉತ್ತರವಿದೆ, ನನ್ನ ಸಿಟ್ಟಿನ ಮೂಲವೂ ಅಲ್ಲೇ ಇದೆ: ‘ಕಾಲಧರ್ಮಕ್ಕೆ ಕಟ್ಟುಬಿದ್ದಿದ್ದ ಸರ್ ಸಿ.ವಿ. ರಾಮನ್ ಅವರಿಗೆ ಆಕೆಗೆ ಪ್ರವೇಶ ನೀಡಲು ಸಾಧ್ಯವಾಗಲಿಲ್ಲ.’ 1930ರ ನೊಬೆಲ್ ಪುರಸ್ಕೃತರು, 1933ರ ಏಪ್ರಿಲ್‌ನಲ್ಲಿ ಸಂಸ್ಥೆಯ ಮೊದಲ ಭಾರತೀಯ ನಿರ್ದೇಶಕರಾಗಿ ಅಧಿಕಾರ ವಹಿಸಿಕೊಂಡವರು, ತಮ್ಮ ಮಾತಿಗೆ ಎದುರಾಡುವವರನ್ನು ಸಹಿಸದವರೆಂದು ಹೆಸರಾದವರು. ಅಂಥವರಿಗೆ ಒಬ್ಬ ವಿದ್ಯಾರ್ಥಿನಿಯನ್ನು ಸೇರಿಸಿಕೊಳ್ಳುವುದು ಸಾಧ್ಯವಾಗಲಿಲ್ಲವೆಂದರೆ ಓದುಗರು ನಂಬಬೇಕೇ? ಸಾಧ್ಯವಿತ್ತೆಂಬುದಕ್ಕೆ ನಿಮ್ಮ ಮುಂದಿನ ಪ್ಯಾರಾವೇ ಸಾಕ್ಷಿ, ಏಕೆಂದರೆ ಕಮಲಾ ಪಟ್ಟು ಬಿಡದೆ ನಿಂತಾಗ ಅವರು ಸೇರಿಸಿಕೊಂಡರು. ಸೇರಿಸಿಕೊಂಡ ಬಗೆಯನ್ನು ನೀವು ‘ಕೆಲವು ಷರತ್ತುಗಳ ಮೇಲೆ’ ಎಂಬ ಮೂರು ಪದಗಳಲ್ಲಿ ದಾಟಿಬಿಟ್ಟಿದ್ದೀರಿ. ಆ ಷರತ್ತುಗಳನ್ನು ಬಿಡಿಸಿ ಹೇಳದಿದ್ದರೆ ಈ ಲೇಖನವನ್ನು ಬರೆಯುವುದಾದರೂ ಏತಕ್ಕೆ? ಮೊದಲ ವರ್ಷ ಅವರನ್ನು ಪೂರ್ಣಪ್ರಮಾಣದ ವಿದ್ಯಾರ್ಥಿನಿಯೆಂದು ಪರಿಗಣಿಸುವುದಿಲ್ಲ, ಕೆಲಸದ ಗುಣಮಟ್ಟ ನಿರ್ದೇಶಕರಿಗೆ ಒಪ್ಪಿಗೆಯಾದ ಮೇಲೆಯೇ ಅದಕ್ಕೆ ಮಾನ್ಯತೆ. ಮಾರ್ಗದರ್ಶಕರು ಹೇಳಿದರೆ ರಾತ್ರಿ ಎಷ್ಟು ಹೊತ್ತಾದರೂ ಕೆಲಸ ಮಾಡಬೇಕು. ಪ್ರಯೋಗಾಲಯದ ವಾತಾವರಣವನ್ನು ಕೆಡಿಸಬಾರದು, ಅಂದರೆ ಅಲ್ಲಿನ ಗಂಡಸರ ಗಮನ ಅತ್ತಿತ್ತ ಹರಿಯದಂತೆ ನೋಡಿಕೊಳ್ಳುವ ಹೊಣೆಯೂ ಅವರದೇ. ಇವನ್ನು ವಿಧಿಸಿದ್ದು ಒಂದು ಹುದ್ದೆಯಲ್ಲಿದ್ದ ಒಬ್ಬ ಮನುಷ್ಯ. ಅದನ್ನು ಕಾಲದ ತಲೆಗೆ ಕಟ್ಟಿದರೆ ಯಾರ ಮೇಲೂ ಹೊಣೆ ಉಳಿಯುವುದಿಲ್ಲ.

ನೀವು ಹೀಗೆ ಬರೆದದ್ದೇಕೆಂದು ನಾನು ಊಹಿಸಬಲ್ಲೆ. ರಾಮನ್ ನಮ್ಮವರು, ಬೆಂಗಳೂರಿನಲ್ಲಿ ನೆಲೆಸಿ, ಇಲ್ಲೇ ಸಂಸ್ಥೆ ಕಟ್ಟಿ, 1970ರಲ್ಲಿ ಇಲ್ಲೇ ತೀರಿಕೊಂಡವರು. ಅವರ ಹೆಸರಿಗೆ ಮಸಿ ಬಳಿದ ಹಾಗಾದೀತೆಂದು ನಿಮ್ಮ ಕೈ ಅಳುಕಿದೆ. ನಾನು ಕೇಳುತ್ತಿರುವುದು ಅವರನ್ನು ಖಳನಾಯಕನನ್ನಾಗಿ ಮಾಡಿ ಎಂದಲ್ಲ. ಕಮಲಾ ಅಲ್ಲಿಂದಲೇ 1936ರಲ್ಲಿ ಎಂ.ಎಸ್ಸಿ. ಮುಗಿಸಿದರು, ಮುಂದೆ ಭೌತವಿಜ್ಞಾನ ವಿಭಾಗದಲ್ಲಿ ರಾಮನ್ ತಾವೇ ಅನ್ನಾ ಮಣಿಯವರಂಥ ಹೆಣ್ಣುಮಕ್ಕಳನ್ನು ಸೇರಿಸಿಕೊಂಡರು. ಇವೆಲ್ಲವನ್ನೂ ಬರೆಯಿರಿ. ಯಾರು, ಯಾವ ಅಧಿಕಾರದಿಂದ, ಯಾವ ಕಾರಣ ಕೊಟ್ಟು ಏನು ಮಾಡಿದರೆಂಬುದು ಪ್ರತಿ ಬಾರಿಯೂ ವಾಕ್ಯದಲ್ಲಿ ಇರಬೇಕು, ಅಷ್ಟೇ.

ಇನ್ನು ಕಮಲಾ ಮುಂದೆ ಹೋದ ಇಂಗ್ಲೆಂಡಿನ ಕೇಂಬ್ರಿಡ್ಜ್‌ಗೆ ಬನ್ನಿ. ‘ಮುಕ್ತ ಮನಸ್ಸಿನ ಪಶ್ಚಿಮ ಆಕೆಯನ್ನು ಕೈಬೀಸಿ ಕರೆಯಿತು’ ಎಂದಿದ್ದೀರಿ. ಫ್ರೆಡರಿಕ್ ಗೌಲ್ಯಾಂಡ್ ಹಾಪ್ಕಿನ್ಸ್ ನಡೆಸುತ್ತಿದ್ದ ಜೀವರಸಾಯನ ವಿಭಾಗ ಹೆಣ್ಣುಮಕ್ಕಳಿಗೆ ನಿಜವಾಗಿಯೂ ತೆರೆದಿತ್ತು. ಮಾರ್ಜರಿ ಸ್ಟೀಫನ್ಸನ್, ಡೊರತಿ ನೀಡಮ್ ಅಲ್ಲಿ ದುಡಿದವರೇ. ಆದರೆ ಆ ವಿಭಾಗವಿದ್ದ ವಿಶ್ವವಿದ್ಯಾಲಯ 1948ರವರೆಗೂ ಹೆಂಗಸರಿಗೆ ಪೂರ್ಣ ಪದವಿಯನ್ನು ಕೊಡುತ್ತಿರಲಿಲ್ಲ. ಓದಬಹುದಿತ್ತು, ಪರೀಕ್ಷೆ ಬರೆಯಬಹುದಿತ್ತು, ಹೆಸರಿಗೆ ಒಂದು ಬಿರುದೂ ಸಿಗುತ್ತಿತ್ತು, ಆದರೆ ಗಂಡಸರಂತೆ ವಿಶ್ವವಿದ್ಯಾಲಯದ ಸದಸ್ಯರಾಗಿ ಆಡಳಿತದಲ್ಲಿ ಮತ ಹಾಕುವ ಹಕ್ಕು ಇರಲಿಲ್ಲ. ಒಂದೇ ಊರಿನಲ್ಲಿ, ಒಂದೇ ವರ್ಷದಲ್ಲಿ, ಒಂದು ಕಟ್ಟಡದ ಬಾಗಿಲು ತೆರೆದಿತ್ತು, ಇನ್ನೊಂದರದು ಮುಚ್ಚಿತ್ತು. ಇದರಲ್ಲಿ ‘ಕಾಲಧರ್ಮ’ ಯಾವುದೆಂದು ತೋರಿಸಿಕೊಡಿ ನೋಡೋಣ. ಸ್ವಾತಂತ್ರ್ಯ ಬಂದು ಎಷ್ಟೋ ವರ್ಷಗಳಾದ ಮೇಲೆ ಮುಂಬಯಿಯ ವಿಜ್ಞಾನ ಸಂಸ್ಥೆಯಲ್ಲಿ ನ್ಯಾಯವಾಗಿ ಸಲ್ಲಬೇಕಿದ್ದ ನಿರ್ದೇಶಕ ಹುದ್ದೆ ಇದೇ ಕಮಲಾ ಅವರಿಗೆ ಒಳರಾಜಕೀಯದಿಂದಾಗಿ ನಾಲ್ಕು ವರ್ಷ ತಡವಾಗಿ ದಕ್ಕಿತು. ನಿಮ್ಮ ಲೇಖನದಲ್ಲಿ ಅದು ಇಲ್ಲವೇ ಇಲ್ಲ, ಏಕೆಂದರೆ ಅಷ್ಟು ಹೊತ್ತಿಗೆ ನಿಮ್ಮ ‘ಆ ಕಾಲ’ ಮುಗಿದುಹೋಗಿತ್ತು.

ಮುಂದಿನ ವಾಕ್ಯ: ‘ಅವಳ ಕಣ್ಣಲ್ಲಿ ಮಡುಗಟ್ಟಿದ್ದ ನೀರನ್ನು ಕಂಡು ಮಹಾವಿಜ್ಞಾನಿಯ ಹೃದಯ ಕರಗಿತು.’ ಈ ಕಣ್ಣೀರು ನಿಮಗೆ ಎಲ್ಲಿ ಸಿಕ್ಕಿತು? ಅವರು ನಿರ್ದೇಶಕರೆದುರು ನಿಂತು ಕಾರಣ ಕೇಳಿದವರು, ವಾದಿಸಿದವರು, ಗಾಂಧೀಜಿಯ ದಾರಿಯಲ್ಲಿ ಸತ್ಯಾಗ್ರಹ ಹೂಡಿದವರು ಎಂದೇ ನಮಗೆ ತಿಳಿದಿರುವುದು. ಅವರ ಕೊನೆಯ ದಿನಗಳ ಮಾತನ್ನಾದರೂ ನೀವು ಗಮನಿಸಬೇಕಿತ್ತು. 1997ರಲ್ಲಿ ಭಾರತೀಯ ಮಹಿಳಾ ವಿಜ್ಞಾನಿಗಳ ಸಂಘ ಸನ್ಮಾನಿಸಿದಾಗ, ಅರವತ್ತು ವರ್ಷಗಳಿಗೂ ಹಿಂದಿನ ಆ ಘಟನೆಯನ್ನು ಅವರು ಮುಚ್ಚುಮರೆಯಿಲ್ಲದೆ ಅವಮಾನವೆಂದೇ ಕರೆದರು. ರಾಮನ್ ದೊಡ್ಡ ವಿಜ್ಞಾನಿಯಾಗಿದ್ದರೂ ಸಂಕುಚಿತ ಮನಸ್ಸಿನವರಾಗಿದ್ದರೆಂದು, ಹೆಣ್ಣೆಂಬ ಒಂದೇ ಕಾರಣಕ್ಕೆ ತಮ್ಮನ್ನು ನಡೆಸಿಕೊಂಡ ರೀತಿಯನ್ನು ಮರೆಯಲಾರೆನೆಂದು ಹೇಳಿದರು. ಮರುವರ್ಷ ಅವರು ತೀರಿಕೊಂಡರು. ಅಷ್ಟು ದೀರ್ಘಕಾಲ ಒಬ್ಬರು ಕಾಪಿಟ್ಟುಕೊಂಡ ಕೋಪವನ್ನು ಕಣ್ಣೀರಾಗಿಸಿ, ಕ್ಷಮೆಯಾಗಿಸಿ, ಕೊನೆಗೆ ರಾಮನ್ ಅವರ ಔದಾರ್ಯದ ಕಥೆಯಾಗಿ ಮಾರ್ಪಡಿಸುವ ಅಧಿಕಾರ ನಿಮಗಾಗಲಿ ನನಗಾಗಲಿ ಇಲ್ಲ. ಇದರ ಜೊತೆಗೇ ಇನ್ನೊಂದು: ಲೇಖನದುದ್ದಕ್ಕೂ ರಾಮನ್ ‘ಹೇಳಿದರು’, ಕಮಲಾ ‘ಹೇಳಿದಳು’. ಇದನ್ನು ನಾನೇ ತಿದ್ದಿದ್ದೇನೆ, ಚರ್ಚೆಗೆ ಇಟ್ಟಿಲ್ಲ.

ಎರಡನೆಯ ಸಂಗತಿಗೆ ಬರುವ ಮೊದಲು ಒಂದು ಹಳೆಯ ವಿಷಯವನ್ನು ಹೇಳಬೇಕು. 2001ರ ಆಗಸ್ಟ್‌ನಲ್ಲಿ ಅನ್ನಾ ಮಣಿ ತೀರಿಕೊಂಡಾಗ ನಾನೊಂದು ಪತ್ರಿಕೆಯಲ್ಲಿ ಕೆಲಸ ಕಲಿಯುತ್ತಿದ್ದ ಉಪಸಂಪಾದಕಿ. ಅವರ ಬಗ್ಗೆ ಬರೆಯುತ್ತೇನೆಂದು ಕೇಳಿಕೊಂಡೆ, ಬರೆದೂ ಕೊಟ್ಟೆ. 1940ರಲ್ಲಿ ಬೆಂಗಳೂರಿಗೆ ಬಂದು ರಾಮನ್ ಅವರ ಪ್ರಯೋಗಾಲಯ ಸೇರಿದ ಅವರು ಮೂವತ್ತಕ್ಕೂ ಹೆಚ್ಚು ವಜ್ರಗಳ ಮೇಲೆ ಬೆಳಕು ಹಾಯಿಸಿ ರೋಹಿತಗಳನ್ನು, ಅಂದರೆ ಬೆಳಕಿನ ಬಣ್ಣಪಟ್ಟಿಗಳನ್ನು, ದಾಖಲಿಸಿದ್ದು, ಒಂದೊಂದು ಫೋಟೋ ಫಲಕವನ್ನೂ ಹದಿನೈದು ಇಪ್ಪತ್ತು ಗಂಟೆ ಬೆಳಕಿಗೆ ಒಡ್ಡಬೇಕಿದ್ದರಿಂದ ರಾತ್ರಿಗಳನ್ನು ಪ್ರಯೋಗಾಲಯದಲ್ಲೇ ಕಳೆದದ್ದು, ಒಬ್ಬರದೇ ಹೆಸರಿನಲ್ಲಿ ಐದು ಪ್ರಬಂಧಗಳನ್ನು ಪ್ರಕಟಿಸಿದ್ದು, 1945ರಲ್ಲಿ ಸಲ್ಲಿಸಿದ ಮಹಾಪ್ರಬಂಧವನ್ನು ಎಂ.ಎಸ್ಸಿ. ಪದವಿಯಿಲ್ಲವೆಂಬ ಕಾರಣಕ್ಕೆ ಮದರಾಸು ವಿಶ್ವವಿದ್ಯಾಲಯ ಒಪ್ಪದೆ ಹೋದದ್ದು, ಮುಂದೆ ಪುಣೆಯ ಹವಾಮಾನ ಇಲಾಖೆಯಲ್ಲಿ ಸುಮಾರು ನೂರು ಉಪಕರಣಗಳ ನಕ್ಷೆಗಳನ್ನು ಒಂದು ಅಳತೆಗೆ ತಂದದ್ದು, ಎಲ್ಲವೂ ಅದರಲ್ಲಿತ್ತು. ಲೇಖನ ಅಚ್ಚಾದದ್ದು ಮಹಿಳಾ ಪುಟದಲ್ಲಿ. ವಜ್ರಗಳಿದ್ದ ಮೂರು ಪ್ಯಾರಾಗಳು ಇರಲಿಲ್ಲ. ಖಾದಿ ಉಡುತ್ತಿದ್ದರು, ಮದುವೆಯಾಗಲಿಲ್ಲ, ಸರಳವಾಗಿ ಬದುಕಿದರು ಎಂಬಷ್ಟು ಉಳಿದಿತ್ತು. ವಿಜ್ಞಾನದ ಪುಟಕ್ಕೆ ಅದನ್ನು ಏಕೆ ಕಳಿಸಲಿಲ್ಲವೆಂದು ಕೇಳಿದ್ದಕ್ಕೆ, ಪುಟ ನೋಡಿಕೊಳ್ಳುತ್ತಿದ್ದವರು ‘ಹೆಂಗಸರ ವಿಷಯ ಅಲ್ಲವೇನಮ್ಮ’ ಎಂದರು. ಕರಡು ತಿದ್ದುತ್ತಿದ್ದ ಹಿರಿಯರೊಬ್ಬರು ಆ ಪುಟವನ್ನು ನನ್ನ ಮೇಜಿನ ಮೇಲಿಟ್ಟು, ‘ಇದರಲ್ಲಿ ಹೆಸರೊಂದನ್ನು ಬದಲಿಸಿದರೆ ಯಾವ ಹೆಂಗಸಿಗೆ ಬೇಕಾದರೂ ಹೊಂದುತ್ತೆ ನೋಡು’ ಎಂದು ಹೇಳಿ ಹೋದರು. ತಾನು ಹೆಣ್ಣೆಂಬುದನ್ನೇ ದೊಡ್ಡದು ಮಾಡಿ ಮಾತಾಡುವುದು ಅನ್ನಾ ಮಣಿಯವರಿಗೆ ಕೊನೆಯವರೆಗೂ ಹಿಡಿಸುತ್ತಿರಲಿಲ್ಲವೆಂಬುದನ್ನು ನೆನೆದರೆ, ಆ ಪುಟ ನನಗೆ ಇಂದಿಗೂ ಇರಿಸುಮುರಿಸು ತರುತ್ತದೆ. ಅಂದಿನಿಂದ ನನ್ನ ಕೈಗೆ ಬರುವ ಇಂಥ ಪ್ರತಿಯೊಂದು ಬರಹವನ್ನೂ ಹೆಸರು ಬದಲಿಸಿ ಓದುವ ಚಾಳಿ ನನಗೆ ಅಂಟಿಕೊಂಡಿದೆ.

ನಿಮ್ಮದನ್ನೂ ಹಾಗೆ ಓದಿದೆ. ನಾಲ್ಕನೆಯ ಪುಟದ ಈ ವಾಕ್ಯವೊಂದನ್ನು ಬಿಟ್ಟರೆ ಕಮಲಾ ಅವರ ವಿಜ್ಞಾನ ಎಲ್ಲಿಯೂ ಇಲ್ಲ: ‘ಕೇಂಬ್ರಿಡ್ಜ್‌ನಲ್ಲಿ ಮಹತ್ವದ ಸಂಶೋಧನೆ ನಡೆಸಿ, ವಿಜ್ಞಾನದಲ್ಲಿ ಡಾಕ್ಟರೇಟ್ ಪಡೆದ ಮೊದಲ ಭಾರತೀಯ ಮಹಿಳೆ ಎನಿಸಿಕೊಂಡಳು.’ ಮೊದಲಿಗರೆಂಬ ಮಾತನ್ನು ಜಾನಕಿ ಅಮ್ಮಾಳ್ ಅವರ 1931ರ ಡಾಕ್ಟರೇಟ್ ಪಕ್ಕದಲ್ಲಿಟ್ಟು ನೀವೇ ಪರಿಶೀಲಿಸಿ. ಎಲ್ಲೆಡೆ ಹಾಗೆ ಬರೆಯುತ್ತಾರೆಂಬುದು ನೀವೂ ಬರೆಯುವುದಕ್ಕೆ ಸಾಲದು. ಒಬ್ಬರನ್ನು ಮೊದಲಿಗರೆಂದು ಕೂಗುವ ಉತ್ಸಾಹದಲ್ಲಿ ಅವರಿಗಿಂತ ಮುಂಚೆ ಬಂದವರನ್ನು ಅಳಿಸುವುದು ಹೆಂಗಸರ ಚರಿತ್ರೆ ಬರೆಯುವವರಲ್ಲೇ ಹೆಚ್ಚಾಗಿ ಕಾಣುತ್ತಿದೆ ಎಂಬುದು ನನ್ನ ಇನ್ನೊಂದು ಕಿರಿಕಿರಿ.

ಹೋಗಲಿ, ಆ ‘ಮಹತ್ವದ ಸಂಶೋಧನೆ’ ಯಾವುದು? ನಾವು ತಿಂದ ಆಹಾರದಿಂದ ಜೀವಕೋಶ ಶಕ್ತಿಯನ್ನು ಬಿಡಿಸಿಕೊಳ್ಳುವ ಕೆಲಸದ ಕೊನೆಯ ಹಂತದಲ್ಲಿ ಆಮ್ಲಜನಕ ಬಳಕೆಯಾಗುತ್ತದೆ, ಮತ್ತು ಆ ಹಂತಕ್ಕೆ ಎಲೆಕ್ಟ್ರಾನುಗಳನ್ನು ತಲುಪಿಸುವ, ಕಬ್ಬಿಣದ ಅಂಶವಿರುವ ಒಂದು ಸಣ್ಣ ಪ್ರೋಟೀನಿನ ಹೆಸರು ಸೈಟೋಕ್ರೋಮ್ ಸಿ. ಮೊದಲು ಡೆರೆಕ್ ರಿಕ್ಟರ್, ಆಮೇಲೆ ರಾಬಿನ್ ಹಿಲ್ ಅವರ ಜೊತೆ ಆಲೂಗಡ್ಡೆಯ ಮೇಲೆ ಕೆಲಸ ಮಾಡುತ್ತ, ಸಸ್ಯಗಳ ಉಸಿರಾಟದಲ್ಲಿಯೂ ಇದೇ ಪ್ರೋಟೀನಿಗೆ ಪಾತ್ರವಿದೆಯೆಂದು ಕಮಲಾ ತೋರಿಸಿದರು. ಬೆರಳಚ್ಚಿನಲ್ಲಿ ಬರೀ ನಲವತ್ತು ಪುಟಗಳಿದ್ದ ಅವರ ಮಹಾಪ್ರಬಂಧಕ್ಕೆ 1939ರಲ್ಲಿ ಪಿಎಚ್.ಡಿ. ಸಿಕ್ಕಿತು. ಅದೇ ವರ್ಷ ಭಾರತಕ್ಕೆ ಮರಳಿ ದೆಹಲಿಯ ಲೇಡಿ ಹಾರ್ಡಿಂಜ್ ವೈದ್ಯಕೀಯ ಕಾಲೇಜಿನಲ್ಲಿ ಜೀವರಸಾಯನ ವಿಭಾಗ ನೋಡಿಕೊಂಡದ್ದನ್ನು, ಆಮೇಲೆ ಕೂನೂರಿನ ಪೋಷಣಾ ಪ್ರಯೋಗಾಲಯಕ್ಕೆ ಹೋದದ್ದನ್ನು ನೀವು ಒಂದೇ ಸಾಲಿನಲ್ಲಿ ಹೇಳಿ ಮುಗಿಸಿದರೂ ನನ್ನ ಆಕ್ಷೇಪವಿಲ್ಲ. ಬೆಂಗಳೂರಿನಲ್ಲಿ ಎಂ. ಶ್ರೀನಿವಾಸಯ್ಯನವರ ಮಾರ್ಗದರ್ಶನದಲ್ಲಿ ಮಾಡಿದ ಕೆಲಸ ಮಾತ್ರ ಹಾಗಲ್ಲ. ಅದು ಹಾಲಿನ ಮತ್ತು ಬೇಳೆಕಾಳುಗಳ ಪ್ರೋಟೀನುಗಳ ಕುರಿತದ್ದು, ಮಾಂಸ ಕೊಳ್ಳಲಾಗದವರ ದೇಶದಲ್ಲಿ ಅದಕ್ಕಿಂತ ತುರ್ತಿನ ವಿಷಯ ಬೇರೆಯಿರಲಿಲ್ಲ. ಮುಂಬಯಿಯಲ್ಲಿ ಅವರ ತಂಡ ಅದೇ ದಾರಿಯಲ್ಲಿ ಮುಂದುವರಿದು, ನಮ್ಮ ಕಾಳು ಮತ್ತು ತರಕಾರಿಗಳಲ್ಲಿರುವ ಟ್ರಿಪ್ಸಿನ್ ಪ್ರತಿರೋಧಕಗಳನ್ನು, ಅಂದರೆ ಪ್ರೋಟೀನನ್ನು ಜೀರ್ಣಿಸುವ ಕಿಣ್ವಕ್ಕೆ ಅಡ್ಡಬರುವ ವಸ್ತುಗಳನ್ನು, ಬೇರ್ಪಡಿಸಿ ಅಧ್ಯಯನ ಮಾಡಿತು. ಅವರು ಆರಿಸಿಕೊಂಡ ಕಾಳುಗಳಲ್ಲಿ ಒಂದು ನಮ್ಮ ಅವರೆ. ಇಂಥ ಪ್ರತಿರೋಧಕಗಳ ಬಲ ಬೇಯಿಸಿದಾಗ ಬಹುಮಟ್ಟಿಗೆ ಕುಗ್ಗುತ್ತದೆ. ನಿಮ್ಮ ಲೇಖನದಲ್ಲಿ ಅಡುಗೆಮನೆ ಬರಲೇಬೇಕಿದ್ದರೆ ಬರಬೇಕಿದ್ದುದು ಇಲ್ಲಿ. ತಾಳೆಮರದಿಂದ ಇಳಿಸುವ, ಹುಳಿಯದ ಸಿಹಿ ರಸ ‘ನೀರಾ’ದ ಪೌಷ್ಟಿಕತೆಯ ಮೇಲಿನ ಕೆಲಸ, ಅದಕ್ಕೆ ಬಂದ ರಾಷ್ಟ್ರಪತಿ ಪ್ರಶಸ್ತಿ ನಿಮ್ಮಲ್ಲಿದೆ, ಆದರೆ ಪ್ರಶಸ್ತಿಗೆ ಒಂದು ಪ್ಯಾರಾ ಕೊಟ್ಟು ನೀರಾಕ್ಕೆ ಒಂದೇ ಪದ ಕೊಟ್ಟಿದ್ದೀರಿ.

ಲೇಖನವನ್ನು ತಿರಸ್ಕರಿಸುತ್ತಿಲ್ಲ, ಮರಳಿ ಕಳಿಸುತ್ತಿದ್ದೇನೆ. ಮೊದಲ ಪುಟವನ್ನು ಪೂರ್ತಿಯಾಗಿ ಬಿಟ್ಟು, ಷರತ್ತುಗಳಿಂದ ಆರಂಭಿಸಿ. ಶೀರ್ಷಿಕೆಯಿಂದ ‘ಹುಡುಗಿ’ ಹೋಗಬೇಕು. ಕೇಂಬ್ರಿಡ್ಜ್‌ನ ಭಾಗವನ್ನು ಜೀವರಸಾಯನ ಕಲಿಸುವ ಯಾರಿಗಾದರೂ ಒಮ್ಮೆ ತೋರಿಸಿ, ಆಮೇಲೆ ಆ ವಿಷಯ ಗೊತ್ತಿಲ್ಲದ ಮನೆಯವರಿಗೂ ಓದಿಹೇಳಿ. ಇಬ್ಬರೂ ತಲೆಯಾಡಿಸಿದರೆ ನನಗೆ ಕಳಿಸಿ. ತಿಂಗಳ ಕೊನೆಯೊಳಗೆ ಬಂದರೆ ಮುಂದಿನ ಸಂಚಿಕೆಯ ವಿಜ್ಞಾನ ವಿಭಾಗದಲ್ಲಿ ಜಾಗವಿದೆ. ಪದಮಿತಿ ಮೀರಿದರೂ ಅಡ್ಡಿಯಿಲ್ಲ, ಅವರೆಕಾಳನ್ನು ಮಾತ್ರ ಮೊಟಕು ಮಾಡಬೇಡಿ.

ಇತಿ,
ಸಂಪಾದಕಿ