ಸ್ವಿಟ್ಜರ್ಲೆಂಡಿಗೂ ಕಡಲಿಲ್ಲವಲ್ಲ ಎನ್ನುವವರಿಗೆ

ಈ ಸಲ ಬಂದ ಪ್ರಶ್ನೆಗಳಲ್ಲಿ ಅರ್ಧಕ್ಕರ್ಧ ಹಳೆಯವೇ. ಅವುಗಳಲ್ಲಿ ಒಂದಕ್ಕೆ ಇವತ್ತು ಪೂರ್ತಿ ಉತ್ತರ ಬರೆದುಬಿಡುತ್ತೇನೆ, ಮುಂದೆ ಕೇಳಿದವರಿಗೆ ಇದನ್ನೇ ತೋರಿಸಿದರಾಯಿತು. ಅಕ್ಷಾಂಶ, ಮಳೆನೆರಳು ಎಂದರೇನು ಎಂಬುದೆಲ್ಲ ಶಾಲೆಯ ಪುಸ್ತಕದಲ್ಲಿದೆ. ಅದು ಇಲ್ಲಿ ಬೇಡ.

ಪ್ರಶ್ನೆ: ಕಡಲತೀರವಿಲ್ಲದ ದೇಶ ಬಡವಾಗಿಯೇ ಉಳಿಯುತ್ತದೆ ಎನ್ನುತ್ತೀರಿ. ಸ್ವಿಟ್ಜರ್ಲೆಂಡಿಗೂ ಕಡಲಿಲ್ಲ, ಅದು ಹೇಗೆ ಶ್ರೀಮಂತವಾಯಿತು? ಭೂಗೋಳದ ವಾದವೇ ಸುಳ್ಳಲ್ಲವೇ?

ಬಡವಾಗಿಯೇ ಉಳಿಯುತ್ತದೆ ಎಂದು ನಾನೆಲ್ಲೂ ಬರೆದಿಲ್ಲ. ಅದು ಭೂಪಟದ ಮೇಲೆ ಕೆಂಪು ಬಾಣ ಎಳೆದು, ಹತ್ತು ನಿಮಿಷದಲ್ಲಿ ದೇಶಗಳ ಹಣೆಬರಹ ಹೇಳಿಬಿಡುವ ವಿಡಿಯೊ ಪಂಡಿತರ ಮಾತು. ಕಡಲಿಲ್ಲದ ದೇಶಗಳು ಜಗತ್ತಿನಲ್ಲಿ ಸುಮಾರು 44 ಇವೆ. ಅವುಗಳಲ್ಲಿ 32ನ್ನು ವಿಶ್ವಸಂಸ್ಥೆ ಅಭಿವೃದ್ಧಿಶೀಲ ದೇಶಗಳ ಪಟ್ಟಿಯಲ್ಲಿ ಇಟ್ಟಿದೆ. ಉಳಿದವು ಬಹುಪಾಲು ಯೂರೋಪಿನಲ್ಲಿವೆ. ಯೂರೋಪಿನಲ್ಲೇ ಯಾಕೆ ಎಂದು ಕೇಳಿಕೊಂಡಿದ್ದರೆ ಸ್ವಿಟ್ಜರ್ಲೆಂಡಿನ ಪ್ರಶ್ನೆ ಏಳುತ್ತಲೇ ಇರಲಿಲ್ಲ.

ಭೂಪಟ ತೆಗೆದು ಬಾಸೆಲ್ ಊರನ್ನು ಹುಡುಕಿ. ಸ್ವಿಟ್ಜರ್ಲೆಂಡಿನ ಉತ್ತರದ ಮೂಲೆಯಲ್ಲಿ, ರೈನ್ ನದಿಯ ದಡದಲ್ಲಿದೆ. ಅಲ್ಲಿ ಸರಕು ತುಂಬಿದ ಹಡಗು 800 ಕಿ.ಮೀ.ಗೂ ಹೆಚ್ಚು ದೂರ ತೇಲುತ್ತ ಹೋಗಿ ರಾಟರ್‌ಡ್ಯಾಮ್ ಬಂದರು ಸೇರುತ್ತದೆ. ದಾರಿಯಲ್ಲಿ ಸಂಚಾರಕ್ಕೆಂದು ದಡದ ದೇಶಗಳು ಸುಂಕ ಕೇಳುವಂತಿಲ್ಲ. 1868ರ ಮ್ಯಾನ್‌ಹೈಮ್ ಒಪ್ಪಂದದಲ್ಲೇ ಅದು ತೀರ್ಮಾನವಾಗಿದೆ. ಸ್ವಿಟ್ಜರ್ಲೆಂಡಿನ ವಿದೇಶಿ ವ್ಯಾಪಾರದ ಸರಕಿನಲ್ಲಿ, ತೂಕದ ಲೆಕ್ಕಕ್ಕೆ, ಹೆಚ್ಚುಕಡಿಮೆ ಹತ್ತರಲ್ಲೊಂದು ಭಾಗ ಈ ನದಿಬಂದರುಗಳ ಮೂಲಕ ಹೋಗಿಬರುತ್ತದೆ. ದಕ್ಷಿಣಕ್ಕೆ ಆಲ್ಪ್ಸ್ ಅಡ್ಡವಿತ್ತು. ಅದರಡಿ 57 ಕಿ.ಮೀ. ಉದ್ದದ ಗೋಟ್ಹಾರ್ಡ್ ರೈಲು ಸುರಂಗ ಕೊರೆದು 2016ರಲ್ಲಿ ತೆರೆದರು. ಸುತ್ತಲಿರುವ ಜರ್ಮನಿ, ಫ್ರಾನ್ಸ್, ಇಟಲಿಗಳು ಬರೀ ದಾರಿಯಲ್ಲ, ಅವೇ ದೊಡ್ಡ ಗಿರಾಕಿಗಳು. ಮಾರುವ ಸರಕೋ ಔಷಧಿ, ಕೈಗಡಿಯಾರ: ಕಿಲೋ ಲೆಕ್ಕದಲ್ಲಿ ನೋಡಿದರೆ ಸಾಗಣೆ ಖರ್ಚು ಕಣ್ಣಿಗೇ ಬೀಳದು.

ಈಗ ಉಗಾಂಡಾ ನೋಡಿ. ಕಂಪಾಲಾದಿಂದ ಕೀನ್ಯಾದ ಮೊಂಬಾಸಾ ಬಂದರಿಗೆ ರಸ್ತೆಯಲ್ಲಿ 1,100 ಕಿ.ಮೀ.ಗಿಂತ ಹೆಚ್ಚು. ನಡುವೆ ತೇಲಿಕೊಂಡು ಹೋಗುವ ನದಿಯಿಲ್ಲ. ಕೀನ್ಯಾದ ಚುನಾವಣೆಯ ನಂತರ 2008ರ ಜನವರಿಯಲ್ಲಿ ಗಲಭೆ ಎದ್ದಾಗ ನೈರೋಬಿಯ ಕಿಬೇರಾದಲ್ಲಿ ಉಗಾಂಡಾದ ಕಡೆ ಹೋಗುವ ರೈಲುಹಳಿಯನ್ನೇ ಕಿತ್ತೆಸೆದರು; ಪೆಟ್ರೋಲಿಗೆ ಪರದಾಡಿದ್ದು ಉಗಾಂಡಾದ ಜನ. ಸ್ವಂತ ತಪ್ಪಿಲ್ಲದೆ ಪಕ್ಕದ ಮನೆಯ ಜಗಳಕ್ಕೆ ದಂಡ ಕಟ್ಟುವುದು ಎಂದರೆ ಇದು. ಆಮೇಲೆ 2014ರಿಂದ ಬಂದರಿನಲ್ಲೇ ಸುಂಕದ ಕೆಲಸ ಮುಗಿಸುವ ವ್ಯವಸ್ಥೆ ಬಂತು. ಎರಡು ವಾರಕ್ಕೂ ಹೆಚ್ಚು ಹಿಡಿಯುತ್ತಿದ್ದ ಸಾಗಣೆ ವಾರದೊಳಗೆ ಇಳಿಯಿತು. ರಸ್ತೆಯ ಉದ್ದ ಒಂದು ಕಿ.ಮೀ. ಕೂಡ ಕಡಿಮೆಯಾಗಿರಲಿಲ್ಲ.

ಆದ್ದರಿಂದ ಕಡಲು ಎಷ್ಟು ದೂರ ಎಂದಷ್ಟೇ ಕೇಳಿದರೆ ಸಾಲದು. ನಡುವೆ ಏನಿದೆ, ಅದು ಯಾರ ಕೈಯಲ್ಲಿದೆ, ಸಾಗಿಸುವ ಸರಕಿನ ತೂಕವೆಷ್ಟು, ಬೆಲೆಯೆಷ್ಟು ಎಂದು ಕೇಳಬೇಕು.

ತೂಕದ ಮಾತನ್ನು ಜಾಂಬಿಯಾದ ತಾಮ್ರದಲ್ಲಿ ಲೆಕ್ಕ ಹಾಕಿ ನೋಡೋಣ. 100 ಟನ್ ತಾಮ್ರ ಮಾರಬೇಕು. ಅದಿರಿನಲ್ಲಿ ತಾಮ್ರ ಶೇ 2.5 ಇದೆ ಎಂದುಕೊಂಡರೆ 4,000 ಟನ್ ಅದಿರು ಬೇಕು. ಕಂಟೇನರಿಗೆ 25 ಟನ್ನಿನಂತೆ 160 ಕಂಟೇನರ್. ಅದನ್ನು ಪುಡಿಮಾಡಿ, ನೀರಿನಲ್ಲಿ ನೊರೆ ಎಬ್ಬಿಸಿ ತಾಮ್ರದ ಕಣಗಳನ್ನು ಬೇರೆ ಮಾಡಿದರೆ ಶೇ 30 ತಾಮ್ರವಿರುವ ಪುಡಿ ಸಿಗುತ್ತದೆ: ಸುಮಾರು 333 ಟನ್, 14 ಕಂಟೇನರ್. ಕುಲುಮೆಯಲ್ಲಿ ಕರಗಿಸಿ ಶುದ್ಧ ತಗಡು ಮಾಡಿದರೆ ನಾಲ್ಕೇ ಕಂಟೇನರ್. ಗಣಿಯ ಪಕ್ಕದಲ್ಲೇ ಕುಲುಮೆಗಳು ಎದ್ದು ನಿಂತದ್ದು ಸುಮ್ಮನೆ ಅಲ್ಲ. ಕಡಲದಂಡೆಯಲ್ಲಿ ಗಣಿ ಇರುವ ದೇಶ ಪುಡಿಯನ್ನೇ ಹಡಗಿಗೆ ಸುರಿದು ಕಳಿಸಿದರೂ ನಡೆಯುತ್ತದೆ. ಜಾಂಬಿಯಾ ಹಾಗೆ ಮಾಡಿದರೆ ಟಾಂಜಾನಿಯಾದ ದಾರ್ ಎಸ್ ಸಲಾಮ್ ಬಂದರಿನವರೆಗೆ 1,860 ಕಿ.ಮೀ. ಹಳಿಯ ಮೇಲೆ ಶೇ 70 ಪಾಲು ಗಂಧಕ, ಕಬ್ಬಿಣ, ಕಲ್ಲನ್ನೇ ಹೊತ್ತಂತೆ. ಇದರ ಇನ್ನೊಂದು ಮುಖವೂ ಇದೆ. ಕುಲುಮೆಗೆ ವಿದ್ಯುತ್ ಬೇಕು, ಅಲ್ಲಿನ ವಿದ್ಯುತ್ತು ಬಹುಪಾಲು ಜಲವಿದ್ಯುತ್ತು. 2024ರ ಬರದಲ್ಲಿ ಕರೀಬಾ ಜಲಾಶಯ ಬತ್ತಿ ದೇಶಕ್ಕೆ ಕತ್ತಲೆ ಕವಿಯಿತು.

ಬೋಟ್ಸ್‌ವಾನಾಕ್ಕೆ ಈ ತಲೆನೋವು ಕಡಿಮೆ. 1966ರಲ್ಲಿ ಸ್ವತಂತ್ರವಾಯಿತು, ಮರುವರ್ಷ ಒರಾಪಾದಲ್ಲಿ ವಜ್ರ ಸಿಕ್ಕಿತು. ವಜ್ರ ವಿಮಾನದಲ್ಲಿ ಹೋಗುತ್ತದೆ. ಅದಕ್ಕೆ ಬಂದರು ಯಾಕೆ?

ಇನ್ನು ಹಳಿ. ಮಂಗೋಲಿಯಾದ ಗೇಜ್, ಅಂದರೆ ಎರಡು ಹಳಿಗಳ ನಡುವಿನ ಅಂತರ, 1,520 ಮಿ.ಮೀ., ಚೀನಾದ್ದು 1,435. ವ್ಯತ್ಯಾಸ 85 ಮಿ.ಮೀ., ಒಂದು ಅಂಗೈ ಅಗಲ. ಅಷ್ಟಕ್ಕೇ ಗಡಿಯಲ್ಲಿ ಸರಕನ್ನು ಕ್ರೇನಿನಿಂದ ಎತ್ತಿ ಬೇರೆ ಗಾಡಿಗೆ ಹಾಕಬೇಕು. ಪ್ರಯಾಣಿಕರ ಗಾಡಿಯಾದರೆ ಡಬ್ಬಿಗಳನ್ನು ಜಾಕಿಯಲ್ಲಿ ಎತ್ತಿ ಕೆಳಗಿನ ಬೋಗಿ ಬದಲಿಸಬೇಕು. (ಬೋಗಿ ಎಂದರೆ ಡಬ್ಬಿಯಲ್ಲ, ಅದರ ಕೆಳಗಿನ ಚಕ್ರಗಳ ಚೌಕಟ್ಟು. ಇದನ್ನು ತಿದ್ದಿ ತಿದ್ದಿ ಸಾಕಾಗಿದೆ.) ಲೆಕ್ಕ ಹಾಕುವವರು ಸಾಮಾನ್ಯವಾಗಿ ಮರೆಯುವುದು ಇನ್ನೊಂದಿದೆ: ಆಮದು ಸರಕು ತುಂಬಿ ಬಂದ ಕಂಟೇನರ್ ಖಾಲಿಯಾಗಿ ವಾಪಸು ಹೋದರೆ, ಆ ಖಾಲಿ ಪ್ರಯಾಣದ ಬಾಡಿಗೆಯೂ, ತಡವಾದ ದಿನಗಳ ದಂಡವೂ ಒಳಗೆ ಬಂದ ಸರಕಿನ ಮೇಲೆಯೇ ಬೀಳುತ್ತದೆ.

ಎತ್ತರವನ್ನೂ ಬಿಡಬೇಡಿ. ಬೊಲಿವಿಯಾ 1879ರಲ್ಲಿ ಶುರುವಾದ ಯುದ್ಧದಲ್ಲಿ ಚಿಲಿಗೆ ತೀರ ಕಳೆದುಕೊಂಡಿತು. 1904ರ ಒಪ್ಪಂದದಂತೆ ಚಿಲಿಯ ಬಂದರುಗಳಿಗೆ ಮುಕ್ತ ದಾರಿ ಸಿಕ್ಕಿತು. ದೂರವೂ ದೊಡ್ಡದಲ್ಲ, ಲಾ ಪಾಸ್‌ನಿಂದ ಅರೀಕಾಕ್ಕೆ ರಸ್ತೆಯಲ್ಲಿ 500 ಕಿ.ಮೀ. ಆಸುಪಾಸು. ಆದರೆ ಲಾರಿ ಸಮುದ್ರಮಟ್ಟದಿಂದ ಸುಮಾರು 4,600 ಮೀಟರ್ ಎತ್ತರದ ಕಣಿವೆದಾರಿ ಹತ್ತಿ ಇಳಿಯಬೇಕು. ಅಲ್ಲಿ ಗಾಳಿಯ ಒತ್ತಡ ಕೆಳಗಿನದರ ಅರ್ಧಕ್ಕಿಂತ ಸ್ವಲ್ಪವೇ ಹೆಚ್ಚು. ಹತ್ತುವಾಗ ಎಂಜಿನ್ ಸೊರಗುತ್ತದೆ, ಇಳಿಯುವಾಗ ಬ್ರೇಕು ಬಿಸಿಯೇರುತ್ತದೆ. ಭೂಪಟದ ಮೇಲೆ ಸ್ಕೇಲಿಟ್ಟು ಅಳೆದವರಿಗೆ ಇದು ಗೊತ್ತಾಗುವುದಿಲ್ಲ.

ಪ್ರಶ್ನೆ: 2018ರಲ್ಲಿ ರೈನ್ ನದಿಯ ಆಳ 25 ಸೆಂ.ಮೀ.ಗೆ ಇಳಿಯಿತು ಎಂದು ಓದಿದೆ. ಮೊಣಕಾಲುದ್ದವೂ ಇಲ್ಲದ ನೀರಿನಲ್ಲಿ ಹಡಗು ಹೇಗೆ ಓಡಿತು?

ಓಡಿದ್ದು ಆ ನೀರಿನಲ್ಲಲ್ಲ. 25 ಸೆಂ.ಮೀ. ಎಂಬುದು ಜರ್ಮನಿಯಲ್ಲಿ ರೈನ್ ದಡದ ಕೌಬ್ ಊರಿನ ನೀರಿನಮಟ್ಟದ ಅಳತೆಪಟ್ಟಿಯ ಅಂಕಿ, ನದಿಯ ಆಳವಲ್ಲ. ಪಟ್ಟಿಯ ಸೊನ್ನೆ ನದಿಯ ತಳದಲ್ಲಿಲ್ಲ. ಅಲ್ಲಿ ಹಡಗುದಾರಿಯ ಆಳ ತಿಳಿಯಲು ಪಟ್ಟಿಯ ಅಂಕಿಗೆ ಸುಮಾರು 112 ಸೆಂ.ಮೀ. ಕೂಡಿಸಬೇಕು. ಅಂದರೆ ಆಗ ಇದ್ದದ್ದು 1.37 ಮೀಟರ್ ಹತ್ತಿರ. ಪತ್ರಿಕೆಗಳು ಪ್ರತಿ ಬರಗಾಲದಲ್ಲೂ ಇದೇ ತಪ್ಪು ಮಾಡುತ್ತವೆ.

ಅಷ್ಟು ನೀರಿನಲ್ಲಿ ತೇಲಬಹುದು, ತುಂಬಿಕೊಂಡು ಹೋಗಲಾಗದು. 110 ಮೀಟರ್ ಉದ್ದ, 11.4 ಮೀಟರ್ ಅಗಲದ ಹಡಗು 10 ಸೆಂ.ಮೀ. ಮೇಲೇಳಬೇಕಾದರೆ 125 ಟನ್ ಇಳಿಸಬೇಕು. ಮೂತಿ ಚೂಪಾಗಿರುವುದನ್ನು ಕಳೆದರೆ 110 ಟನ್. ಒಂದು ಮೀಟರ್ ಮೇಲೇಳಲು ಸಾವಿರ ಟನ್ನಿಗೂ ಹೆಚ್ಚು. ಒಂದು ಹಡಗಿನ ಸರಕಿಗೆ ಮೂರು ಹಡಗು ಬೇಕಾಗುತ್ತದೆ, ಬಾಡಿಗೆ ಏರುತ್ತದೆ. ಆ ವರ್ಷ ಸ್ವಿಟ್ಜರ್ಲೆಂಡ್ ತನ್ನ ತುರ್ತು ಇಂಧನ ದಾಸ್ತಾನಿಗೇ ಕೈಹಾಕಿತು. ಮೇಲಿನ ಪ್ರಶ್ನೆ ಕೇಳಿದವರು ಇದನ್ನೂ ಓದಿಕೊಳ್ಳಿ.

ಪ್ರಶ್ನೆ: ಕಾಂಗೋದಲ್ಲಿ ಅಷ್ಟು ದೊಡ್ಡ ನದಿ ಇದೆ. ರೈನ್‌ನಂತೆ ಅದೂ ದಾರಿಯಾಗಬಾರದೇ?

ಕಿನ್ಶಾಸಾದಿಂದ ಮೇಲಕ್ಕೆ ಕಿಸಂಗಾನಿವರೆಗೆ ಸುಮಾರು 1,700 ಕಿ.ಮೀ. ಅದು ದಾರಿಯೇ. ಕಿನ್ಶಾಸಾದ ಕೆಳಗೆ, ಕಡಲ ಹಡಗು ಬರುವ ಮಟಾಡಿಯವರೆಗೆ, ನದಿ ಸುಮಾರು 270 ಮೀಟರ್ ಧುಮುಕುತ್ತದೆ. ಅದಕ್ಕೇ 1898ರಲ್ಲಿ ಅಲ್ಲಿ ರೈಲು ಹಾಕಿದ್ದು. ಹಡಗು, ರೈಲು, ಮತ್ತೆ ಹಡಗು: ಎರಡು ಸಲ ಇಳಿಸಿ ಎರಡು ಸಲ ತುಂಬಬೇಕು. ನದಿಯ ಉದ್ದವನ್ನಲ್ಲ, ಅದು ಎಲ್ಲಿ ತುಂಡಾಗುತ್ತದೆ ಎಂಬುದನ್ನು ನೋಡಿ.

ಪ್ರಶ್ನೆ: ಬಿಸಿ ಹವೆಯ ದೇಶಗಳ ಜನ ಸೋಮಾರಿಗಳಾದ್ದರಿಂದ ಹಿಂದುಳಿದರು ಎಂಬುದು ವೈಜ್ಞಾನಿಕವೇ?

ಅಲ್ಲ. ಸಿಂಗಪುರ ಸಮಭಾಜಕದಿಂದ ಒಂದೂವರೆ ಡಿಗ್ರಿಯೂ ದೂರವಿಲ್ಲ. ಮಲೇರಿಯಾದಿಂದ ಮಲಗಿದವನನ್ನು ಸೋಮಾರಿ ಎಂದು ಬರೆದಿಟ್ಟವರು ಹೊರಗಿನಿಂದ ಆಳಲು ಬಂದವರು. ಅದನ್ನು ನಾವು ಇನ್ನೂ ಉರು ಹೊಡೆಯಬೇಕಿಲ್ಲ.

ಪ್ರಶ್ನೆ: ಗ್ರೀನ್‌ಲ್ಯಾಂಡ್ ಆಫ್ರಿಕಾದಷ್ಟೇ ದೊಡ್ಡದಿದ್ದೂ ಜನ ಯಾಕೆ ಕಡಿಮೆ?

ಆಫ್ರಿಕಾ ಅದರ 14 ಪಟ್ಟು ದೊಡ್ಡದು. ಧ್ರುವದ ಹತ್ತಿರದ ನೆಲವನ್ನು ಹಿಗ್ಗಿಸಿ ತೋರಿಸುವ ಗೋಡೆಯ ಮರ್ಕೇಟರ್ ಭೂಪಟ ಬಿಟ್ಟು ಗ್ಲೋಬ್ ನೋಡಿ. ಜನ ಯಾಕೆ ಕಡಿಮೆ ಎಂಬುದು ಅದರ ಮೇಲಿನ ಮಂಜುಗಡ್ಡೆ ಕಂಡರೆ ತಿಳಿಯುತ್ತದೆ.

ಪ್ರಶ್ನೆ: ಒಂದು ದೇಶದ ಭೂಗೋಳ ಮತ್ತು ಆರ್ಥಿಕತೆ ಬಗ್ಗೆ ಪ್ರಬಂಧ ಬರೆಯಬೇಕು. ಎಲ್ಲಿಂದ ಶುರು ಮಾಡಲಿ?

ರಾಜಧಾನಿಯಿಂದ ಬೇಡ. ಆ ದೇಶ ಮಾರುವ ಅತಿ ಭಾರದ ಸರಕು ಯಾವುದು, ಎಲ್ಲಿ ಸಿಗುತ್ತದೆ ಎಂದು ಗುರುತು ಹಾಕಿ. ಅಲ್ಲಿಂದ ಅದು ನಿಜಕ್ಕೂ ಹೋಗುವ ಬಂದರಿಗೆ ಗೆರೆ ಎಳೆಯಿರಿ, ನೇರವಾಗಿ ಅಲ್ಲ, ರಸ್ತೆ, ಹಳಿ, ನದಿ ಇರುವ ಹಾಗೆ. ಗೆರೆ ಎಷ್ಟು ಗಡಿ ದಾಟಿತು, ಎಷ್ಟು ಸಲ ಸರಕು ಇಳಿಸಿ ಹತ್ತಿಸಬೇಕಾಯಿತು, ಅತಿ ಎತ್ತರದ ಜಾಗ ಯಾವುದು, ಯಾವ ತಿಂಗಳಲ್ಲಿ ದಾರಿ ಮುಚ್ಚುತ್ತದೆ ಎಂದು ಅದೇ ಹಾಳೆಯ ಅಂಚಿನಲ್ಲಿ ಬರೆಯಿರಿ. ಕೊನೆಗೆ ಮಳೆಯ ಭೂಪಟವನ್ನು ಪಕ್ಕದಲ್ಲಿಟ್ಟು ಅಣೆಕಟ್ಟುಗಳನ್ನು ಗುರುತಿಸಿ. ರಾಷ್ಟ್ರಧ್ವಜದ ಚಿತ್ರ ಅಂಟಿಸುವ ಕೆಲಸ ಇದೆಲ್ಲ ಆದಮೇಲೆ.