ಪ್ರಶ್ನೋತ್ತರ: ಕಚೇರಿಯ ಚಾಟ್ ಹೊರಗಿನ ಜಾಲಕ್ಕೆ ಜೋಡಿಸುವಾಗ

ಕಚೇರಿಯೊಳಗಿನ ಚಾಟ್ ವ್ಯವಸ್ಥೆಯನ್ನು ಪಾಲುದಾರರು, ಗ್ರಾಹಕರ ಜಾಲಗಳಿಗೆ ಜೋಡಿಸುವ ಬಗ್ಗೆ ಬಂದ ಪತ್ರಗಳಲ್ಲಿ ಕೆಲವನ್ನು ಈ ಸಲ ಆರಿಸಿಕೊಂಡಿದ್ದೇವೆ.

ಪ್ರ: ನಮ್ಮದು ಪೀಣ್ಯದಲ್ಲಿ ಯಂತ್ರದ ಬಿಡಿಭಾಗ ಮಾಡುವ ಘಟಕ. ಸಿಬ್ಬಂದಿಗೆಂದು ಇಜ್ಯಾಬರ್‌ಡಿ ತಂತ್ರಾಂಶದ ಎಕ್ಸ್‌ಎಂಪಿಪಿ (ಚಾಟ್ ಸಂದೇಶ ಸಾಗಿಸುವ ಮುಕ್ತ ನಿಯಮಾವಳಿ) ಸರ್ವರ್ ಇಟ್ಟಿದ್ದೇವೆ. ಕಚ್ಚಾಮಾಲು ಕೊಡುವ ಕಂಪನಿಯಲ್ಲೂ ಅಂಥದೇ ಸರ್ವರ್ ಇದೆ. ಎರಡನ್ನೂ ಜೋಡಿಸಿದ ಮೇಲೆ ನಮ್ಮ ಸಂದೇಶ ಅವರಿಗೆ ಹೋಗುತ್ತದೆ, ಅವರ ಉತ್ತರ ಮಾತ್ರ ಬರುವುದಿಲ್ಲ. ಎಲ್ಲಿ ತಪ್ಪಾಗಿದೆ?

ಉ: ಹೋಗುವ ದಾರಿ ಬೇರೆ, ಬರುವ ದಾರಿ ಬೇರೆ. ಎಕ್ಸ್‌ಎಂಪಿಪಿಯಲ್ಲಿ ಸಾಮಾನ್ಯವಾಗಿ ಪ್ರತಿ ಸರ್ವರ್ ತಾನು ಕಳಿಸುವುದಕ್ಕೆ ತಾನೇ ಸಂಪರ್ಕ ತೆರೆಯುತ್ತದೆ. ನಿಮ್ಮ ಸಂದೇಶಕ್ಕಾಗಿ ನಿಮ್ಮ ಸರ್ವರ್ ಅವರ 5269ನೇ ಪೋರ್ಟ್‌ಗೆ, ಅಂದರೆ ಸರ್ವರ್‌ಗಳ ನಡುವಿನ ಮಾತಿಗಿರುವ ಆ ಸಂಖ್ಯೆಯ ಬಾಗಿಲಿಗೆ, ಹೋಗುತ್ತದೆ. ಉತ್ತರಕ್ಕಾಗಿ ಅವರ ಸರ್ವರ್ ನಿಮ್ಮ 5269ಕ್ಕೆ ಬರಬೇಕು. ಅದು ನಿಮ್ಮ ಕಡೆ ಎಲ್ಲೋ ನಿಂತಿದೆ. ಒಂದು ಒಳ್ಳೆಯ ಸೂಚನೆಯೂ ಇಲ್ಲಿದೆ. ಸರ್ವರ್‌ಗಳು ಒಂದನ್ನೊಂದು ಗುರುತಿಸುವುದು ಪ್ರಮಾಣಪತ್ರದಿಂದ (ಡೊಮೈನ್ ತನ್ನದೇ ಎಂದು ತೋರಿಸುವ ಡಿಜಿಟಲ್ ಪತ್ರ), ಇಲ್ಲವೇ ಡಯಲ್‌ಬ್ಯಾಕ್‌ನಿಂದ. ಡಯಲ್‌ಬ್ಯಾಕ್ ಎಂದರೆ ಅವರ ಸರ್ವರ್ ತಿರುಗಿ ನಿಮ್ಮ ಸರ್ವರನ್ನೇ ಸಂಪರ್ಕಿಸಿ ಖಚಿತಪಡಿಸಿಕೊಳ್ಳುವುದು. ಒಳಬರುವ ದಾರಿ ಮುಚ್ಚಿದ್ದರೆ ಡಯಲ್‌ಬ್ಯಾಕ್ ನಡೆಯದು. ಆದರೂ ನಿಮ್ಮ ಸಂದೇಶ ಅಲ್ಲಿಗೆ ಮುಟ್ಟುತ್ತಿದೆ ಎಂದರೆ ಪ್ರಮಾಣಪತ್ರ ಸರಿಯಾಗಿದೆ. ಅದನ್ನು ಮುಟ್ಟಬೇಡಿ.

ಮೊದಲು ಮೊಬೈಲ್ ಹಾಟ್‌ಸ್ಪಾಟ್‌ಗೆ ಲ್ಯಾಪ್‌ಟಾಪ್ ಜೋಡಿಸಿ, ಅಂದರೆ ಕಚೇರಿ ಜಾಲದ ಹೊರಗಿನಿಂದ, ನೆಟ್‌ಕ್ಯಾಟ್ ಎಂಬ ಜಾಲ ಪರೀಕ್ಷಿಸುವ ತಂತ್ರಾಂಶದಲ್ಲಿ 5269 ತೆರೆದಿದೆಯೇ ನೋಡಿ. ಒಳಗಿನಿಂದ ನೋಡಿದರೆ ತೆರೆದಿರುವಂತೆಯೇ ಕಾಣಿಸಿ ದಾರಿ ತಪ್ಪಿಸುತ್ತದೆ. ತೆರೆದಿಲ್ಲವಾದರೆ ಫೈರ್‌ವಾಲ್ ನಿಯಮವನ್ನೂ ರೂಟರ್‌ನ ಪೋರ್ಟ್ ಫಾರ್ವರ್ಡಿಂಗನ್ನೂ (ಹೊರಗಿನಿಂದ ಬಂದ ಸಂಪರ್ಕವನ್ನು ಒಳಗಿನ ಸರ್ವರ್‌ಗೆ ದಾಟಿಸುವ ಏರ್ಪಾಡು) ನೋಡಿ. ಎರಡೂ ಸರಿಯಿದ್ದರೆ ರೂಟರ್‌ನ ಹೊರಮುಖದ ಐಪಿ ವಿಳಾಸ ಓದಿ. ಅದು 100.64ರಿಂದ 100.127ರೊಳಗೆ ಶುರುವಾದರೆ ನಿಮ್ಮ ಬ್ರಾಡ್‌ಬ್ಯಾಂಡ್ ಸಿಜಿ-ನ್ಯಾಟ್ ಹಿಂದಿದೆ, ಅಂದರೆ ಒಂದೇ ಹೊರವಿಳಾಸವನ್ನು ಬ್ರಾಡ್‌ಬ್ಯಾಂಡ್ ಕಂಪನಿ ಹಲವು ಗ್ರಾಹಕರಿಗೆ ಹಂಚಿದೆ. ಪೋರ್ಟ್ ಫಾರ್ವರ್ಡಿಂಗ್ ಎಷ್ಟು ಮಾಡಿದರೂ ಹೊರಗಿನವರು ಒಳಗೆ ಬರಲಾರರು. ಸ್ಟ್ಯಾಟಿಕ್ ಐಪಿ (ನಿಮಗೇ ಮೀಸಲಾದ, ಬದಲಾಗದ ವಿಳಾಸ) ಕೊಳ್ಳಬೇಕು, ಇಲ್ಲವೇ ಸರ್ವರನ್ನು ಬಾಡಿಗೆಯ ವಿಪಿಎಸ್‌ಗೆ (ಡೇಟಾ ಸೆಂಟರ್‌ನಲ್ಲಿರುವ ವರ್ಚುವಲ್ ಸರ್ವರ್) ಒಯ್ಯಬೇಕು. ಸಣ್ಣ ಊರುಗಳ ಕಚೇರಿಗಳಿಗೆ ಎರಡನೆಯದೇ ವಾಸಿ. ಕರೆಂಟ್ ಹೋದರೂ ಚಾಟ್ ನಿಲ್ಲದು.

ಪೋರ್ಟ್ ತೆರೆದಿದ್ದರೆ ಡಿಎನ್‌ಎಸ್ (ಡೊಮೈನ್ ಹೆಸರುಗಳ ವಿಳಾಸಪಟ್ಟಿ) ನೋಡಿ. ಸಿಬ್ಬಂದಿಯ ಆ್ಯಪ್‌ಗಳಿಗೆ ಬೇಕಾದ ಎಕ್ಸ್‌ಎಂಪಿಪಿ-ಕ್ಲೈಂಟ್ ಎಸ್‌ಆರ್‌ವಿ ದಾಖಲೆಯನ್ನು (ಸೇವೆ ಯಾವ ಯಂತ್ರದ ಯಾವ ಪೋರ್ಟ್‌ನಲ್ಲಿದೆ ಎಂದು ಹೇಳುವ ಸಾಲು), ಅಂದರೆ 5222ನೇ ಪೋರ್ಟ್‌ನದನ್ನು, ಎಲ್ಲರೂ ಹಾಕಿರುತ್ತಾರೆ. ಎಕ್ಸ್‌ಎಂಪಿಪಿ-ಸರ್ವರ್ ದಾಖಲೆಯನ್ನು ಮರೆತಿರುತ್ತಾರೆ. ಆ ದಾಖಲೆ ಇಲ್ಲದಿದ್ದರೆ ಎದುರಿನ ಸರ್ವರ್ ನಿಮ್ಮ ಡೊಮೈನ್‌ನ ನೇರ ವಿಳಾಸಕ್ಕೆ ಹೋಗುತ್ತದೆ. ಅಲ್ಲಿರುವುದು ನಿಮ್ಮ ವೆಬ್‌ಸೈಟ್. 5269ಕ್ಕೆ ಉತ್ತರಿಸಲು ಅಲ್ಲಿ ಯಾರೂ ಇಲ್ಲ. ದಾಖಲೆಯಲ್ಲಿ ಆದ್ಯತೆ, ತೂಕ, ಪೋರ್ಟ್ 5269, ಕೊನೆಗೆ ಯಂತ್ರದ ಹೆಸರು ಬರಬೇಕು. ಆ ಯಂತ್ರದ ಹೆಸರಿಗೆ ಸ್ವಂತ ಎ ದಾಖಲೆ (ಹೆಸರಿಗೆ ಐಪಿ ವಿಳಾಸ ಕೊಡುವ ಸಾಲು) ಇರಲಿ, ಸಿನೇಮ್ (ಇನ್ನೊಂದು ಹೆಸರಿನತ್ತ ಕಳಿಸುವ ಸಾಲು) ಸಲ್ಲದು.

ದಾರಿ ತೆರೆದ ದಿನವೇ ಅದನ್ನು ಕಿರಿದೂ ಮಾಡಿ. ಇಜ್ಯಾಬರ್‌ಡಿ ಮೊದಲಿನಿಂದಲೇ ಎಲ್ಲ ಸರ್ವರ್‌ಗಳಿಗೂ ಒಪ್ಪಿಗೆ ಕೊಟ್ಟಿರುತ್ತದೆ. ಎಸಿಎಲ್ ಎಂಬ ಪಟ್ಟಿಯಲ್ಲಿ ಪಾಲುದಾರರ ಡೊಮೈನ್ ಬರೆದು, ಆಕ್ಸೆಸ್ ನಿಯಮದಲ್ಲಿ ಅವರನ್ನು ಮಾತ್ರ ಒಪ್ಪಿ, ಆ ನಿಯಮದ ಹೆಸರನ್ನು ಸರ್ವರ್-ಸರ್ವರ್ ಆಕ್ಸೆಸ್ ಸಾಲಿಗೆ ಕೊಡಿ. ಸರ್ವರ್ ನಡುವಿನ ಸ್ಟಾರ್ಟ್-ಟಿಎಲ್‌ಎಸ್ (ಸಂಪರ್ಕವನ್ನು ಗೂಢಲಿಪಿಗೆ ಏರಿಸುವ ವಿಧಾನ) ಸಾಲಿನಲ್ಲಿ 'ರಿಕ್ವೈರ್ಡ್' ಎಂದೇ ಇರಲಿ. 'ಆಪ್ಷನಲ್' ಎಂದು ಬಿಟ್ಟರೆ ಗೂಢಲಿಪಿಯಿಲ್ಲದ ಸಂಪರ್ಕಕ್ಕೂ ಅವಕಾಶವಾಗುತ್ತದೆ.

ಇಷ್ಟಾದ ಮೇಲೆ ಎರಡು ದೂರು ಬಂದೇ ಬರುತ್ತವೆ. ವ್ಯಕ್ತಿಗಳ ಜೊತೆ ಮಾತು ನಡೆಯುತ್ತದೆ, ಗುಂಪಿಗೆ ಸೇರಲು ಆಗುವುದಿಲ್ಲ ಎಂಬುದು ಒಂದು. ಗುಂಪುಗಳು ಸಾಮಾನ್ಯವಾಗಿ 'ಕಾನ್ಫರೆನ್ಸ್' ಎಂದು ಶುರುವಾಗುವ ಉಪಡೊಮೈನ್‌ನಲ್ಲಿರುತ್ತವೆ. ಸರ್ವರ್‌ನ ಲೆಕ್ಕದಲ್ಲಿ ಅದು ಬೇರೆಯೇ ಡೊಮೈನ್, ಆದ್ದರಿಂದ ಅದನ್ನೂ ಪಟ್ಟಿಗೆ ಸೇರಿಸಬೇಕು. ಅದಕ್ಕೂ ಡಿಎನ್‌ಎಸ್ ದಾಖಲೆ, ಪ್ರಮಾಣಪತ್ರದಲ್ಲಿ ಹೆಸರು ಬೇಕು. ಪಠ್ಯ ಬರುತ್ತದೆ, ಫೋಟೊ ತೆರೆಯುವುದಿಲ್ಲ ಎಂಬುದು ಇನ್ನೊಂದು. ಫೋಟೊ ಸರ್ವರ್‌ನಿಂದ ಸರ್ವರ್‌ಗೆ ಹೋಗುವುದಿಲ್ಲ. ನಿಮ್ಮ ಅಪ್‌ಲೋಡ್ ಸರ್ವರ್‌ನಲ್ಲಿ ಕೂತು ಕೊಂಡಿ ಮಾತ್ರ ಹೋಗುತ್ತದೆ. ಆ ಅಪ್‌ಲೋಡ್ ವಿಳಾಸ ಕಚೇರಿಯೊಳಗೆ ಮಾತ್ರ ಸಿಗುವಂತಿದ್ದರೆ ಹೊರಗಿನವರಿಗೆ ತೆರೆಯುವುದಾದರೂ ಹೇಗೆ? ಅದನ್ನು ಎಚ್‌ಟಿಟಿಪಿಎಸ್‌ನಲ್ಲಿ ಹೊರಗೂ ಸಿಗುವಂತೆ ಮಾಡಿ.

ಪ್ರ: ನಮ್ಮ ಚಾಟ್ ಸರ್ವರ್‌ಗೆ ಲೆಟ್ಸ್ ಎನ್‌ಕ್ರಿಪ್ಟ್ ಸಂಸ್ಥೆಯ ಉಚಿತ ಪ್ರಮಾಣಪತ್ರ ಹಾಕಿದ್ದೇವೆ. ಬ್ರೌಸರ್‌ನಲ್ಲಿ ಸರಿಯಿದೆ. ಪಾಲುದಾರರ ಸರ್ವರ್ ಒಪ್ಪುತ್ತಿಲ್ಲ.

ಉ: ಪ್ರಮಾಣಪತ್ರದಲ್ಲಿ ಯಾವ ಹೆಸರಿದೆ ನೋಡಿ. ಅಲ್ಲಿರಬೇಕಾದ್ದು ಯಂತ್ರದ ಹೆಸರಲ್ಲ, ಬಳಕೆದಾರರ ವಿಳಾಸದಲ್ಲಿ ಅಟ್ ಚಿಹ್ನೆಯ ನಂತರ ಬರುವ ಡೊಮೈನ್. ಎಸ್‌ಆರ್‌ವಿ ದಾಖಲೆ ಬೇರೆ ಯಂತ್ರವನ್ನು ತೋರಿಸಿದರೂ ಈ ನಿಯಮ ಬದಲಾಗದು. ಲೆಟ್ಸ್ ಎನ್‌ಕ್ರಿಪ್ಟ್ ಪತ್ರಗಳಿಗೆ ಸಾಮಾನ್ಯವಾಗಿ 90 ದಿನ ಆಯಸ್ಸು. ನವೀಕರಣದ ನಂತರ ಚಾಟ್ ಸರ್ವರ್ ಹೊಸ ಪತ್ರವನ್ನು ಓದಿಕೊಳ್ಳುವಂತೆ ಸರ್ಟ್‌ಬಾಟ್‌ನ (ಪತ್ರ ನವೀಕರಿಸುವ ತಂತ್ರಾಂಶ) ಡಿಪ್ಲಾಯ್ ಹುಕ್‌ನಲ್ಲಿ, ಅಂದರೆ ನವೀಕರಣವಾದೊಡನೆ ತಾನೇ ನಡೆಯುವ ಭಾಗದಲ್ಲಿ, ಆದೇಶ ಬರೆಯಿರಿ. ಪ್ರೊಸೊಡಿ ಎಂಬ ಇನ್ನೊಂದು ಎಕ್ಸ್‌ಎಂಪಿಪಿ ಸರ್ವರ್ ತಂತ್ರಾಂಶ ಬಳಸುವವರಿಗೆ 'ಪ್ರೊಸೊಡಿ-ಸಿಟಿಎಲ್ ಚೆಕ್' ಆದೇಶ ಡಿಎನ್‌ಎಸ್ ಮತ್ತು ಪ್ರಮಾಣಪತ್ರದ ತಪ್ಪುಗಳನ್ನು ಒಟ್ಟಿಗೇ ತೋರಿಸುತ್ತದೆ.

ಹೆಸರು, ಅವಧಿ ಎರಡೂ ಸರಿಯಿದ್ದು 2026ರಲ್ಲಿ ಈ ತೊಂದರೆ ಶುರುವಾಗಿದ್ದರೆ ಕಾರಣ ಬೇರೆ. 2026ರ ಫೆಬ್ರವರಿ 11ರಿಂದ ಲೆಟ್ಸ್ ಎನ್‌ಕ್ರಿಪ್ಟ್‌ನ ಸಾಮಾನ್ಯ ಪತ್ರಗಳಲ್ಲಿ 'ಕ್ಲೈಂಟ್ ದೃಢೀಕರಣ' ಉಪಯೋಗದ ಗುರುತು ಇರುವುದಿಲ್ಲ. ಸಂದೇಶ ಕಳಿಸುವ ಸರ್ವರ್ ಎದುರಿನ ಸರ್ವರ್‌ಗೆ ಕ್ಲೈಂಟ್ ಆಗಿಯೇ ಪತ್ರ ತೋರಿಸುತ್ತದೆ. ಆ ಗುರುತನ್ನು ಕಡ್ಡಾಯವಾಗಿ ಕೇಳುವ ಹಳೆಯ ಆವೃತ್ತಿಯ ಸರ್ವರ್ ಅದನ್ನು ತಿರಸ್ಕರಿಸುತ್ತದೆ. ಎರಡೂ ಕಡೆ ತಂತ್ರಾಂಶವನ್ನು ಹೊಸ ಆವೃತ್ತಿಗೆ ಏರಿಸಿ. ಅಲ್ಲಿಯವರೆಗೆ ಡಯಲ್‌ಬ್ಯಾಕ್ ಚಾಲೂ ಇದ್ದರೆ ಕೆಲಸ ನಡೆಯುತ್ತದೆ.

ಪ್ರ: ಗ್ರಾಹಕರೆಲ್ಲ ವಾಟ್ಸ್‌ಆ್ಯಪ್‌ನಲ್ಲಿದ್ದಾರೆ. ನಮ್ಮ ಮ್ಯಾಟ್ರಿಕ್ಸ್ (ಎಕ್ಸ್‌ಎಂಪಿಪಿಯಂಥ ಇನ್ನೊಂದು ಮುಕ್ತ ಚಾಟ್ ವ್ಯವಸ್ಥೆ) ಸರ್ವರ್‌ಗೆ ಅದನ್ನು ಜೋಡಿಸಬಹುದೇ?

ಉ: ಸರ್ವರ್‌ನಿಂದ ಸರ್ವರ್‌ಗೆ ಜೋಡಿಸಲು ವಾಟ್ಸ್‌ಆ್ಯಪ್ ಭಾರತದಲ್ಲಿ ದಾರಿ ಕೊಟ್ಟಿಲ್ಲ. ಯುರೋಪಿಯನ್ ಒಕ್ಕೂಟದ ಡಿಜಿಟಲ್ ಮಾರ್ಕೆಟ್ಸ್ ಆ್ಯಕ್ಟ್‌ನ ಒತ್ತಾಯದಿಂದ ಬಂದ ಸೌಲಭ್ಯ ಅಲ್ಲಿನ ಬಳಕೆದಾರರಿಗೆ ಮಾತ್ರ. ಮಾಟ್ರಿಕ್ಸ್-ವಾಟ್ಸ್‌ಆ್ಯಪ್ (mautrix-whatsapp) ಎಂಬ ಸೇತುವೆ ತಂತ್ರಾಂಶ ಇದೆ. ಅದು ನಿಮ್ಮ ಫೋನ್‌ನ ಖಾತೆಗೆ ವಾಟ್ಸ್‌ಆ್ಯಪ್ ವೆಬ್‌ನಂತೆ ಒಂದು ಲಿಂಕ್ಡ್ ಡಿವೈಸ್ ಆಗಿ ಸೇರುತ್ತದೆ. ಒಂದು ಖಾತೆಗೆ ಅಂಥ 4 ಸಾಧನಗಳೇ ಮಿತಿ. ಮೂಲ ಫೋನನ್ನು 14 ದಿನಕ್ಕಿಂತ ಹೆಚ್ಚು ಬಳಸದೆ ಬಿಟ್ಟರೆ ಸಂಪರ್ಕ ಕಡಿಯುತ್ತದೆ. ಅಲಮಾರಿನಲ್ಲಿಟ್ಟ ಫೋನ್ ನಂಬಿ ಸೇತುವೆ ನಡೆಸುವವರು ಇದನ್ನು ಕ್ಯಾಲೆಂಡರ್‌ನಲ್ಲಿ ಬರೆದಿಡಬೇಕು. ಇದು ಅಧಿಕೃತ ಮಾರ್ಗವಲ್ಲದ್ದರಿಂದ ಖಾತೆ ನಿಷೇಧವಾಗುವ ಅಪಾಯ ಇದ್ದೇ ಇದೆ. ಜೊತೆಗೆ ವಾಟ್ಸ್‌ಆ್ಯಪ್‌ನ ಗೂಢಲಿಪಿ ಸೇತುವೆಯಲ್ಲೇ ಬಿಚ್ಚಿಕೊಳ್ಳುತ್ತದೆ. ಆ ಸರ್ವರ್ ಯಾರ ಕೈಯಲ್ಲಿದೆಯೋ ಅವರು ಗ್ರಾಹಕರ ಮಾತನ್ನು ಓದಬಲ್ಲರು. ಗ್ರಾಹಕರ ಕೆಲಸಕ್ಕೆ ನಮ್ಮ ಶಿಫಾರಸು ಅಧಿಕೃತ ವಾಟ್ಸ್‌ಆ್ಯಪ್ ಬಿಸಿನೆಸ್ ಎಪಿಐ, ಅಂದರೆ ಕಂಪನಿಯ ತಂತ್ರಾಂಶವನ್ನು ವಾಟ್ಸ್‌ಆ್ಯಪ್‌ಗೆ ಜೋಡಿಸುವ ಮಾರ್ಗ. ಅದರಲ್ಲಿ ಗ್ರಾಹಕರ ಕೊನೆಯ ಸಂದೇಶದಿಂದ 24 ಗಂಟೆ ಮಾತ್ರ ಮುಕ್ತವಾಗಿ ಉತ್ತರಿಸಬಹುದು. ನಂತರ ಮೊದಲೇ ಒಪ್ಪಿಗೆ ಪಡೆದ ಟೆಂಪ್ಲೇಟ್‌ಗಳೇ ಗತಿ.

ಪ್ರ: ಮ್ಯಾಟ್ರಿಕ್ಸ್‌ನಲ್ಲಿ ಹೊರಗಿನವರಿದ್ದ ಕೋಣೆಯಿಂದ ಸಂದೇಶ ಅಳಿಸಿದರೆ ಅವರ ಕಡೆಯೂ ಅಳಿಯುತ್ತದೆಯೇ?

ಉ: ಅಳಿಸುವ ಕೋರಿಕೆ ಹೋಗುತ್ತದೆ, ಒತ್ತಾಯ ಹೋಗುವುದಿಲ್ಲ. ಕೋಣೆಯ ಪ್ರತಿ ಅವರ ಸರ್ವರ್‌ನಲ್ಲೂ ಇರುತ್ತದೆ. ಒಳಗಿನ ಚರ್ಚೆಗೆ ಬೇರೆ ಕೋಣೆ ಮಾಡಿ. ಮಾಡುವಾಗಲೇ ಸುಧಾರಿತ ಆಯ್ಕೆಗಳಲ್ಲಿ ಹೊರಗಿನ ಸರ್ವರ್‌ನವರು ಎಂದೂ ಸೇರದಂತೆ ತಡೆಯುವ ಗುಂಡಿ ಒತ್ತಿ. ಈ ಆಯ್ಕೆ ಕೋಣೆ ಹುಟ್ಟುವಾಗ ಮಾತ್ರ ಸಿಗುತ್ತದೆ, ಆಮೇಲೆ ಬದಲಿಸಲಾಗದು.

ಪ್ರ: ನಮ್ಮಲ್ಲಿ ಮೈಕ್ರೋಸಾಫ್ಟ್ ಟೀಮ್ಸ್ ಇದೆ. 'ಐಟಿ ಹೆಲ್ಪ್ ಡೆಸ್ಕ್' ಹೆಸರಿನಲ್ಲಿ ಹೊರಗಿನಿಂದ ಸಂದೇಶ ಬರುತ್ತಿವೆ.

ಉ: ಉತ್ತರಿಸಬೇಡಿ ಎಂದು ಇವತ್ತೇ ಎಲ್ಲ ಸಿಬ್ಬಂದಿಗೆ ತಿಳಿಸಿ. 2024ರಲ್ಲಿ ಸ್ಟಾರ್ಮ್-1811 ಎಂದು ಮೈಕ್ರೋಸಾಫ್ಟ್ ಗುರುತಿಸಿದ ಗುಂಪು ಹೀಗೇ ಮಾಡಿತು: ಮೊದಲು ಇಮೇಲ್ ಡಬ್ಬಿ ತುಂಬುವಷ್ಟು ಕಸ ಕಳಿಸುವುದು, ನಂತರ ಟೀಮ್ಸ್‌ನಲ್ಲಿ ಸಹಾಯಕರಂತೆ ಬಂದು ಕ್ವಿಕ್ ಅಸಿಸ್ಟ್ (ವಿಂಡೋಸ್‌ನ ದೂರನೆರವಿನ ಆ್ಯಪ್) ತೆರೆಸಿ ಕಂಪ್ಯೂಟರ್ ಹಿಡಿತಕ್ಕೆ ತೆಗೆದುಕೊಳ್ಳುವುದು. ಅಡ್ಮಿನ್ ಸೆಂಟರ್‌ನ ಎಕ್ಸ್‌ಟರ್ನಲ್ ಆಕ್ಸೆಸ್ ಪುಟದಲ್ಲಿ ಎಲ್ಲ ಡೊಮೈನ್‌ಗಳನ್ನು ಒಪ್ಪುವ ಆಯ್ಕೆ ತೆಗೆದು, ನಿರ್ದಿಷ್ಟ ಡೊಮೈನ್‌ಗಳಿಗೆ ಮಾತ್ರ ಒಪ್ಪಿಗೆ ಕೊಡಿ. ಸಂಸ್ಥೆಯ ನಿರ್ವಹಣೆಯಿಲ್ಲದ ವೈಯಕ್ತಿಕ ಟೀಮ್ಸ್ ಖಾತೆಗಳಿಗೆ ಬೇರೆಯದೇ ಗುಂಡಿ ಇದೆ; ಅದನ್ನೂ ಆಫ್ ಮಾಡಿ, ಮೇಲಿನ ಪಟ್ಟಿ ಅದಕ್ಕೆ ಅನ್ವಯಿಸುವುದಿಲ್ಲ. ಪಾಲುದಾರರೂ ತಮ್ಮ ಕಡೆ ನಿಮ್ಮ ಡೊಮೈನನ್ನು ಒಪ್ಪಿರಬೇಕು. ಚಾಟ್, ಕರೆ ಸಾಕಾದವರಿಗೆ ಎಕ್ಸ್‌ಟರ್ನಲ್ ಆಕ್ಸೆಸ್ ಸಾಕು. ಗೆಸ್ಟ್ ಆಗಿ ಸೇರಿಸಿದರೆ ಆ ಟೀಮ್‌ನ ಕಡತಗಳೂ ಅವರಿಗೆ ತೆರೆದುಕೊಳ್ಳುತ್ತವೆ.

ಪ್ರ: ಈ ಸಂಪರ್ಕಗಳ ಲಾಗ್ (ಸರ್ವರ್ ತಾನೇ ಬರೆದಿಡುವ ದಾಖಲೆ) ಎಷ್ಟು ದಿನ ಇಡಬೇಕು?

ಉ: ಕೇಂದ್ರ ಸರ್ಕಾರದ ಸೈಬರ್ ಭದ್ರತಾ ಸಂಸ್ಥೆ ಸರ್ಟ್-ಇನ್ 2022ರ ಏಪ್ರಿಲ್ 28ರಂದು ಹೊರಡಿಸಿದ ನಿರ್ದೇಶನದಂತೆ 180 ದಿನ, ಭಾರತದ ವ್ಯಾಪ್ತಿಯೊಳಗೆ. ಅದರ ಪಟ್ಟಿಯಲ್ಲಿರುವ ಸೈಬರ್ ಘಟನೆ ಕಂಡರೆ 6 ಗಂಟೆಯೊಳಗೆ ವರದಿ ಮಾಡಬೇಕು. ವಿಪಿಎಸ್ ಹೊರದೇಶದ್ದಾದರೆ ಲಾಗ್‌ನ ಪ್ರತಿಯನ್ನು ಇಲ್ಲಿಗೆ ತರಿಸಿಕೊಳ್ಳುವ ಏರ್ಪಾಡು ಮಾಡಿ. ಸರ್ವರ್ ಗಡಿಯಾರವನ್ನು ಎನ್‌ಐಸಿ (ರಾಷ್ಟ್ರೀಯ ಮಾಹಿತಿ ವಿಜ್ಞಾನ ಕೇಂದ್ರ) ಅಥವಾ ಎನ್‌ಪಿಎಲ್‌ನ (ರಾಷ್ಟ್ರೀಯ ಭೌತ ಪ್ರಯೋಗಾಲಯ) ಎನ್‌ಟಿಪಿ ಸರ್ವರ್‌ಗೆ, ಅಂದರೆ ಸರಿಯಾದ ಸಮಯ ಕೊಡುವ ಸರ್ವರ್‌ಗೆ, ಹೊಂದಿಸಿ. ಎರಡು ಕಡೆಯ ಗಡಿಯಾರ ಹೊಂದದಿದ್ದರೆ ಪಾಲುದಾರರ ಲಾಗ್‌ನೊಂದಿಗೆ ತಾಳೆ ನೋಡುವುದು ತುಂಬ ಕಷ್ಟವಾಗುತ್ತದೆ.