ಮೊದಲು ಪಾರ್ಕಿಂಗ್ ನೋಡಿ, ಆಮೇಲೆ ಕಾರು

ಕುಲಕರ್ಣಿಯವರೇ, ಪುಣೆಯ ಕೋಥ್ರೂಡ್‌ನಿಂದ ಹಿಂಜೆವಾಡಿಗೆ ಹೋಗಿ ಬರಲು ದಿನಕ್ಕೆ 40 ಕಿ.ಮೀ., ವರ್ಷಕ್ಕೆ ಮೂರು ನಾಲ್ಕು ಸಲ ಹುಬ್ಬಳ್ಳಿ. ಇದಕ್ಕೆ ಸಿಎನ್‌ಜಿ (ಒತ್ತಡದಲ್ಲಿ ತುಂಬಿದ ನೈಸರ್ಗಿಕ ಅನಿಲ) ಕಾರೋ, ಎಂಜಿನ್ ಜೊತೆ ವಿದ್ಯುತ್ ಮೋಟರೂ ಇರುವ ಹೈಬ್ರಿಡ್ಡೋ, ವಿದ್ಯುತ್ ಕಾರೋ, ಯಾವುದು ಕೊಳ್ಳಲಿ ಎಂದು ಕೇಳಿದ್ದೀರಿ. ಉತ್ತರಿಸಿದವರೆಲ್ಲರೂ ಮೈಲೇಜ್ ಲೆಕ್ಕ ಕೊಟ್ಟರು. ರಾತ್ರಿ ನಿಮ್ಮ ಕಾರು ಎಲ್ಲಿ ನಿಲ್ಲುತ್ತದೆ ಎಂದು ಯಾರೂ ಕೇಳಲಿಲ್ಲ.

ಸೊಸೈಟಿಯಲ್ಲಿ ನಿಮ್ಮದೇ ಪಾರ್ಕಿಂಗ್ ಇದ್ದು, ನಿಮ್ಮ ಮೀಟರಿನಿಂದ ಅಲ್ಲಿಗೆ ತಂತಿ ಎಳೆಯಲು ಸಮಿತಿ ಒಪ್ಪಿದರೆ ವಿದ್ಯುತ್ ಕಾರನ್ನೇ ಕೊಳ್ಳಿ. ಯೂನಿಟ್‌ಗೆ ಏಳು ಕಿ.ಮೀ. ಎಂದರೂ ನಿತ್ಯದ ಓಡಾಟಕ್ಕೆ ಆರು ಯೂನಿಟ್ ಸಾಕು, 3.3 ಕಿಲೋವ್ಯಾಟ್ ಚಾರ್ಜರ್ ಅಷ್ಟನ್ನು ಎರಡು ಗಂಟೆ ಚಿಲ್ಲರೆಯಲ್ಲಿ ತುಂಬುತ್ತದೆ. ದೊಡ್ಡ ಚಾರ್ಜರ್‌ಗೆ ಹಣ ಸುರಿಯುವ ಬದಲು ಅರ್ಥಿಂಗ್ ಸರಿಯಾಗಿ ಮಾಡಿಸಿ. ಹುಬ್ಬಳ್ಳಿ ಸುಮಾರು 430 ಕಿ.ಮೀ. ಬ್ಯಾಟರಿ 40 ಯೂನಿಟ್‌ನದಾದರೆ ಕರಾಡದ ಹತ್ತಿರ ಒಮ್ಮೆ, ಬೆಳಗಾವಿಯಲ್ಲಿ ಒಮ್ಮೆ ನಿಲ್ಲಬೇಕಾದೀತು. ಊಟ, ಚಹಾಕ್ಕೆ ಹೇಗೂ ನಿಲ್ಲುತ್ತೀರಲ್ಲ! ಆ ವಿದ್ಯುತ್ತೂ ಕಲ್ಲಿದ್ದಲು ಸುಟ್ಟು ಬಂದದ್ದಲ್ಲವೇ ಎಂದು ಉತ್ತರಿಸಿದವರಲ್ಲಿ ಒಬ್ಬರು ಕುಟುಕಿದ್ದಾರೆ. ನಿಜ. ಆದರೆ ಪೆಟ್ರೋಲ್ ಎಂಜಿನ್ ಇಂಧನದ ಶಕ್ತಿಯಲ್ಲಿ ಮೂರರಲ್ಲಿ ಎರಡು ಪಾಲನ್ನು ಬರೀ ಶಾಖವಾಗಿ ಕಳೆಯುತ್ತದೆ, ಹೊಗೆಯನ್ನೂ ಊರೊಳಗೆ, ನಮ್ಮ ಪುಣೆಯ ಚಾಂದನಿ ಚೌಕದಲ್ಲೇ ಬಿಡುತ್ತದೆ.

ಸಮಿತಿ ಒಪ್ಪದಿದ್ದರೆ ಸ್ಟ್ರಾಂಗ್ ಹೈಬ್ರಿಡ್, ಅಂದರೆ ಮೋಟರೊಂದೇ ಕಾರನ್ನು ತುಸು ದೂರ ಎಳೆಯಬಲ್ಲ ಬಗೆಯದು. ನಿಂತು ನಿಂತು ಸಾಗುವ ಹಿಂಜೆವಾಡಿ ದಾರಿಯೇ ಅದಕ್ಕೆ ಹಬ್ಬ: ಬ್ರೇಕ್ ಒತ್ತಿದಾಗಿನ ಶಕ್ತಿ ಬ್ಯಾಟರಿಗೆ ಮರಳುತ್ತದೆ, ನಿಧಾನಗತಿಯಲ್ಲಿ ಎಂಜಿನ್ ಆರಿರುತ್ತದೆ. ಹೆದ್ದಾರಿಯಲ್ಲಿ ಒಂದೇ ವೇಗದಲ್ಲಿ ಓಡುವಾಗ ಈ ಲಾಭ ಇಳಿಯುತ್ತದೆ. ಮೈಲ್ಡ್ ಹೈಬ್ರಿಡ್ ಎಂಬ ಫಲಕಕ್ಕೆ ಮರುಳಾಗಬೇಡಿ. ಅದರ ಪುಟ್ಟ ಮೋಟರು ಎಂಜಿನ್‌ಗೆ ಕೈ ಜೋಡಿಸುತ್ತದೆ, ಕಾರನ್ನು ತಾನೊಂದೇ ಎಳೆಯುವುದಿಲ್ಲ.

ಸಿಎನ್‌ಜಿ ಮೈಲೇಜ್ ಕಿಲೋ ಲೆಕ್ಕದ್ದು, ಪೆಟ್ರೋಲಿನದು ಲೀಟರ್ ಲೆಕ್ಕದ್ದು. ಒಂದು ಕಿಲೋ ಅನಿಲದಲ್ಲಿ ಸುಮಾರು 1.4 ಲೀಟರ್ ಪೆಟ್ರೋಲಿನಷ್ಟು ಶಕ್ತಿ ಇರುವುದರಿಂದ ಅಂಕಿ ದೊಡ್ಡದಾಗಿ ಕಾಣುತ್ತದೆ. ಹಾಗಾಗಿ ಎರಡನ್ನೂ ಕಿ.ಮೀ.ಗೆ ಎಷ್ಟು ರೂಪಾಯಿ ಎಂದೇ ಹೋಲಿಸಿ. ಹೊಗೆ ಕಡಿಮೆ ಎಂಬುದು ಸುಳ್ಳಲ್ಲ. ಆದರೆ ಪಂಪಿನಲ್ಲಿ ಒತ್ತಡ 200 ಬಾರ್ ಮುಟ್ಟದಿದ್ದರೆ ಸಿಲಿಂಡರ್ ಪೂರ್ತಿ ತುಂಬದು. ಮೂರು ವರ್ಷಕ್ಕೊಮ್ಮೆ ಅದರ ಹೈಡ್ರೋ ಟೆಸ್ಟ್ (ನೀರಿನ ಒತ್ತಡದ ಪರೀಕ್ಷೆ) ಮಾಡಿಸಬೇಕು.

ಶೇ. 20ರಷ್ಟು ಎಥೆನಾಲ್ ಬೆರೆಸಿದ ಇ20 ಪೆಟ್ರೋಲ್ ನೀವು ಆರಿಸುವ ವಿಷಯವೇ ಅಲ್ಲ, ಬಂಕಿನಲ್ಲಿ ಅದೇ ಸಿಗುತ್ತದೆ. ಎಥೆನಾಲ್‌ನಲ್ಲಿ ಲೀಟರಿಗೆ ಪೆಟ್ರೋಲಿಗಿಂತ ಮೂರನೇ ಒಂದರಷ್ಟು ಶಕ್ತಿ ಕಡಿಮೆ. ಮೈಲೇಜ್ ತುಸು ಕುಸಿದರೆ ಮೆಕ್ಯಾನಿಕ್‌ನನ್ನು ಬೈಯಬೇಡಿ. ಹೈಡ್ರೋಜನ್ ಬಗ್ಗೆ ಕೇಳಿದವರಿಗೆ: ಕೋಥ್ರೂಡ್‌ನಲ್ಲಿ ಎಲ್ಲಿ ತುಂಬಿಸುತ್ತೀರಿ?

ಟೆಸ್ಟ್ ಡ್ರೈವ್‌ಗೆ ಭಾನುವಾರ ಬೆಳಿಗ್ಗೆ ಕರೆದರೆ ಒಪ್ಪಬೇಡಿ, ರಸ್ತೆ ತುಂಬಿರುವ ವಾರದ ದಿನ ಸಂಜೆ ಆರಕ್ಕೆ ಕೇಳಿ. ಸಿಎನ್‌ಜಿ ಕಾರು ನೋಡುವುದಾದರೆ ಹುಬ್ಬಳ್ಳಿಗೆ ಒಯ್ಯುವ ಸೂಟ್‌ಕೇಸನ್ನೂ ಜೊತೆಗೆ ಕೊಂಡೊಯ್ದು ಸಿಲಿಂಡರ್ ಕೂತ ಡಿಕ್ಕಿಯಲ್ಲಿ ಇಟ್ಟು ನೋಡಿ.